12 ತುಂಬುವ ಮಗಳಿಗೆ ಆನ್‌ಲೈನ್ ಬರ್ತ್‌ಡೇ ಪಾರ್ಟಿ: ಬೋರ್ ಆಗದ ಹಾಗೆ ಮಾಡುವುದು ಹೇಗೆ?

ನೀವು ಕೇಳಿದ್ದು ಇಷ್ಟು: ಮಗಳಿಗೆ ಮುಂದಿನ ತಿಂಗಳು 12 ತುಂಬುತ್ತದೆ, ಗೆಳತಿಯರೆಲ್ಲ ಬೇರೆ ಬೇರೆ ಊರುಗಳಲ್ಲಿದ್ದಾರೆ, ಹಾಗಾಗಿ ಪಾರ್ಟಿ ಆನ್‌ಲೈನ್‌ನಲ್ಲೇ ಆಗಬೇಕು. ಆದರೆ ಎಲ್ಲರೂ ಪರದೆ ಮುಂದೆ ಸುಮ್ನೆ ಮುಖ ಮುಖ ನೋಡಿಕೊಂಡು ಕೂರಬಾರದು. ನಮ್ಮ ಮನೆಯಲ್ಲೂ ಅಕ್ಕನ ಮನೆಯಲ್ಲೂ ಈ ವಯಸ್ಸಿನ ಮಕ್ಕಳಿಗೆ ಇಂಥ ಪಾರ್ಟಿಗಳು ಆಗಿವೆ. ಲಿಂಕ್ ಕಳಿಸುವುದು, ಆಟ ಹೊಂದಿಸುವುದು ಎಲ್ಲ ನನ್ನ ತಲೆಗೇ ಬರುತ್ತದೆ. ಆ ಅನುಭವದ ಮೇಲೆ ಬರೆಯುತ್ತಿದ್ದೇನೆ, ಸ್ವಲ್ಪ ಉದ್ದವಾದೀತು.

ಹುಡುಕಿದರೆ ನಿಮಗೆ 'ಹತ್ತು ಆಟಗಳು', 'ಇಪ್ಪತ್ತು ಐಡಿಯಾಗಳು' ಅಂತ ಪಟ್ಟಿಗಳು ಸಿಗುತ್ತವೆ. ಹತ್ತು ನಿಮಿಷ ಇದು, ಹತ್ತು ನಿಮಿಷ ಅದು. ಆರು ವರ್ಷದ ಮಕ್ಕಳಿಗೆ ಅದು ಸರಿ. ಹನ್ನೆರಡರವರಿಗೆ ಅಲ್ಲ. ಅವರಿಗೆ ಒಂದು ಆಟ ಕೈಹತ್ತಲು ಹೊತ್ತು ಬೇಕು. ಆಗಷ್ಟೇ ಮಜಾ ಶುರುವಾಗಿರುತ್ತದೆ, ನೀವು 'ಸರಿ, ಮುಂದಿನ ಆಟ!' ಅಂದರೆ ಮುಖ ಸಪ್ಪಗಾಗುತ್ತದೆ. ಒಂದೇ ದೊಡ್ಡ ಆಟ ಆರಿಸಿಕೊಳ್ಳಿ, ಅದಕ್ಕೆ ಮುಕ್ಕಾಲು ಗಂಟೆ ಕೊಡಿ. ಈ ವಯಸ್ಸಿನವರಿಗೆ ನಿಜವಾಗಿ ಬೇಕಿರುವುದು ಹರಟೆ. ಆದರೆ 'ಮಾತಾಡಿ' ಅಂತ ಕೂರಿಸಿದರೆ ಯಾರೂ ಬಾಯಿ ಬಿಡುವುದಿಲ್ಲ. ಕೈಗೊಂದು ಕೆಲಸ ಸಿಕ್ಕಿದರೆ ಮಾತು ತಾನಾಗೇ ಬರುತ್ತದೆ.

ಎಷ್ಟು ಜನ ಅನ್ನುವುದನ್ನು ಮೊದಲೇ ನಿರ್ಧರಿಸಿ. ನನ್ನ ಪ್ರಕಾರ ಆರು ಜನ ಚೆಂದ, ಎಂಟಕ್ಕಿಂತ ಜಾಸ್ತಿ ಬೇಡ. ಒಂದು ಕೋಣೆಯಲ್ಲಿ ಹದಿನೈದು ಮಕ್ಕಳಿದ್ದರೂ ತಾವೇ ಮೂರ್ನಾಲ್ಕು ಗುಂಪಾಗಿ ಹರಟುತ್ತಾರೆ. ವಿಡಿಯೋ ಕಾಲ್‌ನಲ್ಲಿ ಒಬ್ಬರು ಮಾತಾಡಿದರೆ ಉಳಿದವರೆಲ್ಲ ಕೇಳಲೇಬೇಕು, ಪಕ್ಕದವಳ ಕಿವಿಯಲ್ಲಿ ಪಿಸುಗುಟ್ಟುವ ಹಾಗಿಲ್ಲ. ಜನ ಹೆಚ್ಚಾದಷ್ಟೂ ಮೌನವಾಗಿ ಕೂರುವವರು ಹೆಚ್ಚು. ಬಿಟ್ಟುಹೋದವರಿಗೆ ಬೇಜಾರಾದೀತು ಅನ್ನಿಸಿದರೆ ಬೇರೆ ದಿನ ಅವರಿಗೊಂದು ಸಣ್ಣ ಕಾಲ್ ಇಡಿ.

ಸಮಯದ ಲೆಕ್ಕ ಹೀಗಿದೆ. ಝೂಮ್‌ನ ಉಚಿತ ಖಾತೆಯಲ್ಲಿ ಮೀಟಿಂಗ್ 40 ನಿಮಿಷಕ್ಕೆ ಮುಗಿಯುತ್ತದೆ. ಗೂಗಲ್ ಮೀಟ್‌ನಲ್ಲಿ ಮೂರು ಅಥವಾ ಹೆಚ್ಚು ಜನರಿದ್ದರೆ 60 ನಿಮಿಷ. ಅಷ್ಟಕ್ಕೆ ದುಡ್ಡು ಕೊಟ್ಟು ಪ್ಲಾನ್ ತೆಗೆದುಕೊಳ್ಳುವ ಅಗತ್ಯವಿಲ್ಲ. ಎರಡು ಲಿಂಕ್ ಮಾಡಿ, ನಡುವೆ ಐದು ನಿಮಿಷ ಇಂಟರ್ವಲ್ ಅನ್ನಿ. ನೀರು ಕುಡಿದು, ಕಾಲು ಆಡಿಸಿ ಬರಲಿ. ಒಟ್ಟು ಒಂದೂವರೆ ಗಂಟೆ ಸಾಕೋ ಸಾಕು. ಯಾರಾದರೂ ಬೇರೆ ದೇಶದಲ್ಲಿದ್ದರೆ ಅವರ ಗಡಿಯಾರದ ಸಮಯವನ್ನೂ ಆಹ್ವಾನದಲ್ಲೇ ಬರೆದುಬಿಡಿ.

ಈಗ ಆ ದೊಡ್ಡ ಆಟ ಯಾವುದು? ನನ್ನ ಮೆಚ್ಚಿನದು ಮನೆಯಲ್ಲೇ ಮಾಡಿದ ಎಸ್ಕೇಪ್ ರೂಮ್, ಅಂದರೆ ಒಗಟು ಬಿಡಿಸಿ ಒಂದೊಂದೇ ಬೀಗ ತೆಗೆಯುವ ಆಟ. ಗೂಗಲ್ ಫಾರ್ಮ್ (ಪ್ರಶ್ನೆ ಹಾಕಿ ಉತ್ತರ ತುಂಬಿಸಿಕೊಳ್ಳುವ ಆನ್‌ಲೈನ್ ಹಾಳೆ) ಇದ್ದರೆ ಆಯ್ತು, ಖರ್ಚಿಲ್ಲ. ಒಂದು ಕಥೆ ಕಟ್ಟಿ: ಉಡುಗೊರೆ ಪೆಟ್ಟಿಗೆಯನ್ನು ಯಾರೋ ಬೀಗ ಹಾಕಿ ಅಡಗಿಸಿದ್ದಾರೆ, ಐದು ಬೀಗ ತೆಗೆದರೆ ಪೆಟ್ಟಿಗೆ ಸಿಗುತ್ತದೆ. ಒಂದೊಂದು ಬೀಗಕ್ಕೂ ಫಾರ್ಮ್‌ನಲ್ಲಿ ಒಂದೊಂದು ಸೆಕ್ಷನ್. ಆಗ ಮುಂದಿನ ಒಗಟು ಮೊದಲೇ ಕಾಣುವುದಿಲ್ಲ. ಪ್ರಶ್ನೆಯನ್ನು 'ಶಾರ್ಟ್ ಆನ್ಸರ್' ಮಾಡಿ, 'ರಿಕ್ವೈರ್ಡ್' ಒತ್ತಿ. ಕೆಳಗೆ ಬಲಕ್ಕೆ ಮೂರು ಚುಕ್ಕೆ ಇರುತ್ತವಲ್ಲ, ಅದರಲ್ಲಿ 'ರೆಸ್ಪಾನ್ಸ್ ವ್ಯಾಲಿಡೇಶನ್' ಆರಿಸಿ. 'ನಂಬರ್', 'ಈಕ್ವಲ್ ಟು' ಅಂತ ಇಟ್ಟು ನಿಮ್ಮ ಕೋಡ್ ಹಾಕಿ, 4712 ಅಂತಿಟ್ಟುಕೊಳ್ಳಿ. ಸರಿಯಾದ ಸಂಖ್ಯೆ ಹಾಕುವವರೆಗೆ ಫಾರ್ಮ್ ಮುಂದೆ ಹೋಗುವುದೇ ಇಲ್ಲ. ಪಕ್ಕದಲ್ಲಿ ತಪ್ಪಾದಾಗ ಕಾಣಿಸುವ ಸಂದೇಶ ಬರೆಯಲು ಜಾಗವಿದೆ. ಸುಳಿವು ಕೊಡಲು ಅದೇ ಜಾಗ. 'ಉಹುಂ, ಫೋಟೋದ ಗೋಡೆ ಗಡಿಯಾರ ನೋಡಿದ್ರಾ?' ಅಂತ ಬರೆದಿಟ್ಟರೆ ಅವರೇ ಮತ್ತೆ ಮೇಲೆ ಹೋಗಿ ಹುಡುಕುತ್ತಾರೆ. ಉತ್ತರ ಸಂಖ್ಯೆಯೇ ಆಗಿರಲಿ. ಪದ ಇಟ್ಟರೆ ಕಾಗುಣಿತದಲ್ಲಿ ಒಂದು ಅಕ್ಷರ ಆಚೀಚೆಯಾದರೂ ಬೀಗ ತೆರೆಯುವುದಿಲ್ಲ, ಆಮೇಲೆ ಜಗಳ. ಸೆಟ್ಟಿಂಗ್ಸ್‌ನಲ್ಲಿ 'ಒಬ್ಬರಿಗೆ ಒಂದೇ ಉತ್ತರ' ಅನ್ನುವುದು ಆನ್ ಆಗಿದ್ದರೆ ಆಫ್ ಮಾಡಿ, ಇಲ್ಲವಾದರೆ ಮಕ್ಕಳಿಗೆ ಗೂಗಲ್ ಲಾಗಿನ್ ಕೇಳುತ್ತದೆ.

ಒಗಟುಗಳನ್ನು ನಿಮ್ಮ ಮಗಳ ಸುತ್ತಲೇ ಹೆಣೆಯಿರಿ. ಅವಳ ಹಳೆಯ ನಾಲ್ಕು ಫೋಟೋ ತೆಗೆದುಕೊಂಡು ಒಂದೊಂದಕ್ಕೂ ಒಂದು ಅಂಕಿ ಕೊಡಿ. ಚಿಕ್ಕವಳಿದ್ದಾಗಿನಿಂದ ದೊಡ್ಡವಳಾಗುವವರೆಗೆ ಸಾಲಾಗಿ ಜೋಡಿಸಿದರೆ ಕೋಡ್ ಬರುತ್ತದೆ. ಹಲ್ಲು ಬಿದ್ದ ಫೋಟೋ ಮೊದಲಾ, ಕೂದಲು ಕತ್ತರಿಸಿಕೊಂಡದ್ದು ಮೊದಲಾ ಅಂತ ಗೆಳತಿಯರು ಎಷ್ಟು ವಾದ ಮಾಡುತ್ತಾರೆ ನೋಡಿ. ಯಾವ ಫೋಟೋ ಹಾಕಬಹುದು ಅಂತ ಅವಳನ್ನೇ ಕೇಳಿ ಹಾಕಿ. ನಿಮಗೆ ಮುದ್ದಾಗಿ ಕಂಡದ್ದು ಅವಳಿಗೆ ಮಾನ ಹೋಗುವ ವಿಷಯವಾಗಿರಬಹುದು.

ಇನ್ನೊಂದು ಉಪಾಯ ಇದೆ, ಇದರಲ್ಲೇ ಆಟದ ಜೀವ ಇರುವುದು. ಮಾಹಿತಿಯನ್ನು ಹಂಚಿಬಿಡಿ. ಐದು ಬೀಗದ ಕೈಗಳ ಚಿತ್ರ ಒಬ್ಬಳಿಗೆ ಮಾತ್ರ ಕಳಿಸಿ, ಪ್ರತಿ ಕೈಯ ಮೇಲೂ ಒಂದು ಸಂಖ್ಯೆ. 'ತುಕ್ಕು ಹಿಡಿದದ್ದಲ್ಲ, ಎರಡೇ ಹಲ್ಲು, ತಲೆ ದುಂಡಗಿಲ್ಲ' ಅನ್ನುವ ಸೂಚನೆ ಇನ್ನೊಬ್ಬಳಿಗೆ. ಪರದೆ ಹಂಚಿಕೊಳ್ಳುವ ಹಾಗಿಲ್ಲ, ಬಾಯಲ್ಲೇ ಹೇಳಬೇಕು. 'ದುಂಡಗೆ ಅಂದ್ರೆ ಪೂರ್ತಿ ದುಂಡಗಾ? ಮೊಟ್ಟೆ ಥರಾನಾ?' ಅಂತ ಶುರುವಾಗುತ್ತದೆ. ಹೀಗೆ ಮಾಡದಿದ್ದರೆ ಚುರುಕಾದ ಒಬ್ಬಳೇ ಎಲ್ಲ ಬಿಡಿಸಿ ಮುಗಿಸುತ್ತಾಳೆ, ಉಳಿದವರು ಪ್ರೇಕ್ಷಕರು.

ಮೂರು ಮೂರು ಜನರ ಎರಡು ತಂಡ ಮಾಡಿ, ಯಾರು ಮೊದಲು ಪೆಟ್ಟಿಗೆ ತೆಗೆಯುತ್ತಾರೆ ಅಂತ ಪೈಪೋಟಿ ಇಡಿ. ಒಂದೇ ಮೀಟಿಂಗ್‌ನಲ್ಲಿ ತಂಡಗಳನ್ನು ಬೇರೆ ಬೇರೆ ಕೋಣೆಗೆ ಕಳಿಸಲು ಝೂಮ್‌ನ ಉಚಿತ ಖಾತೆಯಲ್ಲೂ ಬ್ರೇಕೌಟ್ ರೂಮ್ ಸಿಗುತ್ತದೆ, ಆದರೆ ವೆಬ್‌ಸೈಟಿನ ಸೆಟ್ಟಿಂಗ್ಸ್‌ನಲ್ಲಿ ಅದು ಆನ್ ಆಗಿದೆಯಾ ಅಂತ ಹಿಂದಿನ ದಿನವೇ ನೋಡಿಕೊಳ್ಳಿ. ಮೀಟ್‌ನ ಉಚಿತ ಖಾತೆಯಲ್ಲಿ ಆ ಸೌಲಭ್ಯವಿಲ್ಲ. ಎರಡು ಬೇರೆ ಬೇರೆ ಲಿಂಕ್ ಕೊಟ್ಟರೆ ಅದೇ ಕೆಲಸ ಆಗುತ್ತದೆ. ಒಗಟುಗಳನ್ನು ಮೊದಲೇ ನೋಡಿರದ ಒಬ್ಬರಿಗೆ ಕೊಟ್ಟು ಪರೀಕ್ಷೆ ಮಾಡಿಸಿ. ಮಾಡಿದವರಿಗೆ ಎರಡು ನಿಮಿಷದ್ದು ಅನ್ನಿಸಿದ ಒಗಟು ಬಿಡಿಸುವವರಿಗೆ ಹತ್ತು ನಿಮಿಷ ತಿನ್ನುತ್ತದೆ. ಹಾಗಾಗಿ ಐದು ಬೀಗ ಸಾಕು.

ಒಗಟುಗಳನ್ನು ಯಾರು ಮಾಡಬೇಕು? ಮಗಳೇ ಮಾಡಲಿ. ಹುಟ್ಟುಹಬ್ಬದವಳು ಆಡದೇ ಇರುವುದಾ ಅಂತ ನಿಮಗೆ ಅನ್ನಿಸಬಹುದು. ಆದರೆ ಈ ವಯಸ್ಸಿನಲ್ಲಿ ಆಡುವುದಕ್ಕಿಂತ ಆಡಿಸುವುದರಲ್ಲಿ ಗತ್ತು ಜಾಸ್ತಿ. ಎರಡೂ ಕೋಣೆಗೆ ಹೋಗಿ ಬಂದು, ಅವರು ಒದ್ದಾಡುವುದನ್ನು ನೋಡಿ ನಗುತ್ತಾ, ಬೇಕಿದ್ದರೆ ಸುಳಿವು ಕೊಡುತ್ತಾ ಇರುತ್ತಾಳೆ. ಪಾರ್ಟಿಗೆ ಮುಂಚಿನ ವಾರವೂ ಅವಳಿಗೆ ಹಬ್ಬವೇ. 'ಇಲ್ಲ, ನಾನೂ ಆಡ್ಬೇಕು' ಅಂದಳೋ, ಆಗ ನೀವು ಮಾಡಿ, ಅವಳಿಗೆ ಗುಟ್ಟು ಬಿಡಬೇಡಿ.

ಇಷ್ಟೆಲ್ಲ ತಯಾರಿಗೆ ಪುರುಸೊತ್ತಿಲ್ಲವೇ? ಗಾರ್ಟಿಕ್ ಫೋನ್ ಅನ್ನುವ ಆಟ ಇದೆ. ಬ್ರೌಸರ್‌ನಲ್ಲೇ ನಡೆಯುತ್ತದೆ, ಖಾತೆ ಬೇಡ. ಪ್ರತಿಯೊಬ್ಬರೂ ಒಂದು ವಾಕ್ಯ ಬರೆಯುತ್ತಾರೆ. ಅದು ಮುಂದಿನವರಿಗೆ ಹೋಗುತ್ತದೆ, ಅವರು ಚಿತ್ರ ಬರೆಯುತ್ತಾರೆ. ಆ ಚಿತ್ರ ಮಾತ್ರ ನೋಡಿ ಅದರ ಮುಂದಿನವರು ವಾಕ್ಯ ಬರೆಯುತ್ತಾರೆ. 'ಗಣಿತದ ಮೇಷ್ಟ್ರು ಜಿರಲೆ ಕಂಡು ಮೇಜು ಹತ್ತಿದರು' ಅಂತ ಹೊರಟದ್ದು ಕೊನೆಗೆ 'ರಾಜನಿಗೆ ಖರ್ಜೂರ ಕೊಟ್ಟ ಮಂತ್ರಿ' ಆಗಿ ಬಂದು ನಿಲ್ಲಬಹುದು. ಕೊನೆಯಲ್ಲಿ ಒಂದೊಂದೇ ಹಂತ ತೆರೆದು ತೋರಿಸುತ್ತದೆ, ಬಿದ್ದು ಬಿದ್ದು ನಗುವುದು ಆಗಲೇ. ಚಿತ್ರ ಬರೆಯಲು ಬಾರದವರೇ ಇಲ್ಲಿ ಹೀರೋಗಳು. ಸ್ಕ್ರಿಬಲ್ (skribbl.io) ಕೂಡ ಇದೇ ಜಾತಿಯದು, ಒಬ್ಬರು ಬರೆದ ಚಿತ್ರ ನೋಡಿ ಉಳಿದವರು ಪದ ಊಹಿಸಬೇಕು. ಅದರಲ್ಲಿ ಪ್ರೈವೇಟ್ ರೂಮ್ ಮಾಡಿ ನಿಮ್ಮದೇ ಪದಗಳನ್ನು ಹಾಕಬಹುದು. ಅವರ ಗುಂಪಿನ ಒಳಜೋಕುಗಳನ್ನು ಮಗಳಿಂದ ಕೇಳಿ ಹಾಕಿ.

ಅಮಾಂಗ್ ಅಸ್ (ತಂಡದೊಳಗೆ ಅಡಗಿರುವ ಮೋಸಗಾರರನ್ನು ಪತ್ತೆ ಹಚ್ಚುವುದು) 2018ರಲ್ಲಿ ಬಂದ ಆಟ, ಹಳೆಯದಾದರೂ ಗುಂಪಿಗೆ ಹೇಳಿಮಾಡಿಸಿದ್ದು. 4ರಿಂದ 15 ಜನ ಆಡಬಹುದು, ಫೋನಿನಲ್ಲೂ ನಡೆಯುತ್ತದೆ. ಓಡಾಡುವಾಗ ಎಲ್ಲರೂ ಮ್ಯೂಟ್, ಸಭೆ ಕರೆದಾಗ ಮಾತ್ರ ಮಾತು. ಈ ನಿಯಮ ಕಟ್ಟುನಿಟ್ಟಾಗಿದ್ದರೇ ಆಟ. ಮೈನ್‌ಕ್ರಾಫ್ಟ್ (ಬ್ಲಾಕ್ ಜೋಡಿಸಿ ಕಟ್ಟುವ ಆಟ) ಆಡೋಣ ಅಂದರೆ ಮೊದಲು ಒಂದು ವಿಚಾರಿಸಿ: ಯಾರ ಬಳಿ ಜಾವಾ ಆವೃತ್ತಿ, ಯಾರ ಬಳಿ ಬೆಡ್‌ರಾಕ್? ಅವೆರಡೂ ಒಂದಕ್ಕೊಂದು ಸೇರುವುದಿಲ್ಲ. ಆಟವೇ ಇಲ್ಲದ ಒಬ್ಬಳಿದ್ದರೂ ಮೈನ್‌ಕ್ರಾಫ್ಟ್ ಬಿಡಿ. ವಸ್ತು ಹುಡುಕಿ ತರುವ ಆಟ ಮಾಡಿಸುವುದಾದರೆ 'ಕೆಂಪು ಬಣ್ಣದ್ದು ತನ್ನಿ' ಅಂತ ಚಿಕ್ಕ ಮಕ್ಕಳ ಥರ ಬೇಡ. 'ಏನಕ್ಕೆ ಬಳಸುತ್ತಾರೆ ಅಂತ ಬೇರೆಯವರಿಗೆ ಗೊತ್ತಾಗದ ವಸ್ತು ತನ್ನಿ' ಅನ್ನಿ. ಬೆಲೆಬಾಳುವುದು, ಹೊಸದು ಅಂತ ಕೇಳಬೇಡಿ. ಎಲ್ಲರ ಮನೆಯೂ ಒಂದೇ ಥರ ಇರುವುದಿಲ್ಲ ಅಲ್ವಾ. ಅದೇ ಕಾರಣಕ್ಕೆ ಕ್ಯಾಮೆರಾ ಆಫ್ ಇಟ್ಟವಳನ್ನು 'ಆನ್ ಮಾಡಮ್ಮ' ಅಂತ ಒತ್ತಾಯಿಸುವುದೂ ಬೇಡ.

ಆಹ್ವಾನ ಕಳಿಸುವಾಗ ತಪ್ಪದೇ ಕೇಳಬೇಕಾದ್ದು: ಫೋನಾ, ಲ್ಯಾಪ್‌ಟಾಪಾ? ಒಂದೇ ಫೋನ್ ಇರುವವಳು ಕಾಲ್ ಬಿಟ್ಟು ಬ್ರೌಸರ್‌ಗೆ ಹೋದರೆ ಅವಳ ಧ್ವನಿ ಕೇಳುತ್ತಿದ್ದರೂ ಸಾಮಾನ್ಯವಾಗಿ ವಿಡಿಯೋ ನಿಂತಿರುತ್ತದೆ. ಅದು ನಿಮಗೆ ಗೊತ್ತಿದ್ದರೆ ಅವಳಿಗೆ ಬೀಗದ ಕೈಯ ಸೂಚನೆ ಓದುವ ಕೆಲಸ ಕೊಡಬಹುದು. ಎರಡು ಸಾಧನ ಇರುವವರು ಒಂದರಲ್ಲಿ ಮಾತ್ರ ಮೈಕ್, ಸ್ಪೀಕರ್ ಇಟ್ಟುಕೊಳ್ಳಲಿ. ಇಲ್ಲದಿದ್ದರೆ ಕಿವಿ ಕೊರೆಯುವ ಸದ್ದು.

ಹಾಡಿನ ವಿಷಯ. ಎಲ್ಲರೂ ಒಟ್ಟಿಗೆ ಹಾಡಿದರೆ ಗಲಾಟೆಯೇ ಆಗುವುದು. ಒಬ್ಬರ ಧ್ವನಿ ಇನ್ನೊಬ್ಬರಿಗೆ ಸುಮಾರು 30 ಮಿಲಿಸೆಕೆಂಡ್ ತಡವಾಗಿ ತಲುಪಿದರೂ ತಾಳ ತಪ್ಪತೊಡಗುತ್ತದೆ, ವಿಡಿಯೋ ಕಾಲ್‌ನಲ್ಲಿ 100 ದಾಟುವುದು ಮಾಮೂಲಿ. ಸಾಲದ್ದಕ್ಕೆ ಒಂದು ಧ್ವನಿ ಜೋರಾದರೆ ಆಪ್ ಉಳಿದವನ್ನು ಅದುಮುತ್ತದೆ. ಒಬ್ಬೊಬ್ಬ ಗೆಳತಿಯಿಂದಲೂ ಮೊದಲೇ ಒಂದೊಂದು ಸಾಲು ಹಾಡಿಸಿ ವಿಡಿಯೋ ತರಿಸಿಕೊಂಡು, ಜೋಡಿಸಿ, ಇಂಟರ್ವಲ್ ಆದ ಕೂಡಲೇ ಹಾಕಿ. ಇದೊಂದು ಮಾತ್ರ ಮಗಳಿಗೆ ಗುಟ್ಟಾಗಿರಲಿ. ಝೂಮ್‌ನಲ್ಲಿ ಪರದೆ ಹಂಚುವಾಗ 'ಶೇರ್ ಸೌಂಡ್' ಅನ್ನುವುದಕ್ಕೆ ಟಿಕ್ ಹಾಕಿ. ಮೀಟ್‌ನಲ್ಲಾದರೆ ವಿಡಿಯೋವನ್ನು ಕ್ರೋಮ್ ಟ್ಯಾಬ್‌ನಲ್ಲಿ ತೆರೆದು ಆ ಟ್ಯಾಬ್ ಹಂಚಿ, ಆಡಿಯೋ ಆನ್ ಇರಲಿ. ಮರೆತರೆ ಮೂಕಿ ಸಿನಿಮಾ.

ಸುರಕ್ಷತೆಗೆ ಹೆಚ್ಚೇನೂ ಬೇಡ. ಖಾತೆ ನಿಮ್ಮ ಹೆಸರಲ್ಲಿರಲಿ, ಲಿಂಕ್ ನೇರ ಪೋಷಕರಿಗೆ ಹೋಗಲಿ. ವೇಟಿಂಗ್ ರೂಮ್ (ನೀವು ಒಪ್ಪಿದವರಷ್ಟೇ ಒಳಗೆ ಬರುವುದು) ಆನ್ ಇರಲಿ, ಪರದೆ ಹಂಚುವ ಅಧಿಕಾರ ಹೋಸ್ಟ್‌ಗೆ ಮಾತ್ರ ಇರಲಿ. ಮಾತಾಡಲು ಡಿಸ್ಕಾರ್ಡ್ ಬೇಕು ಅಂತ ಮಕ್ಕಳು ಕೇಳಬಹುದು, ಅದಕ್ಕೆ ಕನಿಷ್ಠ ವಯಸ್ಸು 13. ಸ್ಕ್ರೀನ್‌ಶಾಟ್ ತೆಗೆದರೆ ಪೋಷಕರಿಗೆ ಮಾತ್ರ ಕಳಿಸಿ, ಸ್ಟೇಟಸ್‌ಗೆ ಹಾಕಬೇಡಿ.

ನೀವೆಲ್ಲಿರಬೇಕು? ಪಕ್ಕದ ಕೋಣೆಯಲ್ಲಿ, ಬಾಗಿಲು ತೆರೆದು. ಶುರುವಿನಲ್ಲಿ ಮುಖ ತೋರಿಸಿ 'ಹಾಯ್' ಹೇಳಿ, ತಂಡಗಳನ್ನು ಕೋಣೆಗಳಿಗೆ ಕಳಿಸಿ, ಸರಿದುಬಿಡಿ. ಅಜ್ಜಿ, ಚಿಕ್ಕಪ್ಪ, ಅತ್ತೆ ಎಲ್ಲರೂ ನೋಡಬೇಕು ಅಂತ ಆಸೆಪಟ್ಟರೆ ಅವರಿಗೆ ಬೆಳಿಗ್ಗೆ ಬೇರೆ ಕಾಲ್ ಮಾಡಿ. ದೊಡ್ಡವರ ಮುಂದೆ ಹನ್ನೆರಡರ ಮಕ್ಕಳು ಬೇರೆಯೇ ಮಕ್ಕಳಾಗಿಬಿಡುತ್ತಾರೆ. ನೆಟ್ ಕೈಕೊಟ್ಟರೆ ಅಂತ ನಿಮ್ಮ ಫೋನ್ ಅನ್ನು ಮೊಬೈಲ್ ಡೇಟಾದಲ್ಲಿ, ಮ್ಯೂಟ್ ಮಾಡಿ ಅದೇ ಮೀಟಿಂಗ್‌ಗೆ ಸೇರಿಸಿಡಿ.

ಕೊನೆಯದಾಗಿ, ಎರಡನೇ ಲಿಂಕ್ ಮುಗಿದ ಮೇಲೆ ಮಗಳು ಮತ್ತು ಅವಳ ಒಂದಿಬ್ಬರು ಆಪ್ತ ಗೆಳತಿಯರಿಗೆ ಅಂತ ಮೂರನೆಯದೊಂದು ಸಿದ್ಧವಾಗಿಡಿ. ಅದರಲ್ಲಿ ಆಟ ಇಲ್ಲ, ಕಾರ್ಯಕ್ರಮ ಇಲ್ಲ. ಉಳಿದವರ ಮುಂದೆ ಇದರ ಸುದ್ದಿ ಎತ್ತಬೇಡ ಅಂತ ಮಗಳಿಗೆ ಮೊದಲೇ ಹೇಳಿಡಿ. ನಿಮಗೆ ಎಷ್ಟು ಜನ ಬರುತ್ತಾರೆ, ಎಷ್ಟು ಫೋನ್, ಎಷ್ಟು ಲ್ಯಾಪ್‌ಟಾಪ್ ಅಂತ ಗೊತ್ತಾದ ಮೇಲೆ ಕಾಮೆಂಟ್‌ನಲ್ಲಿ ಬರೆಯಿರಿ, ಒಗಟುಗಳನ್ನು ಹೇಗೆ ಹಂಚಬಹುದು ಅಂತ ಹೇಳುತ್ತೇನೆ.