ಐದಾರು ವರ್ಷ ಹಳೆಯ ರಿಫರ್ಬಿಶ್ಡ್ ಫ್ಲ್ಯಾಗ್‌ಶಿಪ್ ಫೋನನ್ನು ಈಗ ಕೊಳ್ಳಬಹುದೇ?

ಹಾಸ್ಟೆಲ್ ಸೇರಲಿರುವ ಮಗಳಿಗೆ 2019ರ ಆಂಡ್ರಾಯ್ಡ್ ಫ್ಲ್ಯಾಗ್‌ಶಿಪ್ (ಕಂಪನಿಯ ಅತ್ಯುನ್ನತ ದರ್ಜೆಯ) ಫೋನೊಂದು ಹದಿಮೂರು ಸಾವಿರ ರೂಪಾಯಿಗೆ ರಿಫರ್ಬಿಶ್ಡ್ ಆಗಿ, ಅಂದರೆ ಬಳಸಿದ್ದನ್ನು ರಿಪೇರಿ ಮಾಡಿ ಮತ್ತೆ ಮಾರುವ ರೂಪದಲ್ಲಿ, ಸಿಗುತ್ತಿದೆ, ಅದೇ ಹಣಕ್ಕೆ ಬರುವ ಹೊಸ ಸಾಧಾರಣ ಫೋನಿಗಿಂತ ಇದೇ ವಾಸಿಯಲ್ಲವೇ ಎಂದು ಕೇಳಿದ್ದೀರಿ. 2021ರಲ್ಲಿ ನನ್ನ ತಲೆಯಲ್ಲಿದ್ದದ್ದೂ ಇದೇ ಪ್ರಶ್ನೆ. ಉತ್ತರವನ್ನು ಮೊದಲೇ ನಿರ್ಧರಿಸಿಕೊಂಡು, ಯಾರಾದರೂ ಹೌದೆನ್ನಲಿ ಎಂದು ಆಮೇಲೆ ಪ್ರಶ್ನೆ ಕೇಳುತ್ತ ತಿರುಗಿದ್ದೆ.

ನಾನು ಶಿವಮೊಗ್ಗದಲ್ಲಿ ಸಣ್ಣ ವ್ಯಾಪಾರಿಗಳ ಲೆಕ್ಕಪತ್ರ ಬರೆದುಕೊಡುವ, ಅವರ ಜಿಎಸ್‌ಟಿ ರಿಟರ್ನ್ ಸಲ್ಲಿಸುವ ಕೆಲಸ ಮಾಡುತ್ತೇನೆ. ಅಂಗಡಿಯವರು ಖರೀದಿ ಬಿಲ್ಲುಗಳ ಫೋಟೊ ತೆಗೆದು ವಾಟ್ಸ್‌ಆ್ಯಪ್‌ನಲ್ಲಿ ಕಳಿಸುತ್ತಾರೆ, ಒಟಿಪಿಗಳೂ ಅಲ್ಲಿಗೇ ಬರುತ್ತವೆ, ತಿಂಗಳ 11ನೇ ಮತ್ತು 20ನೇ ತಾರೀಖಿನ ಆಸುಪಾಸಿನಲ್ಲಿ ಫೋನು ಕೈಯಿಂದ ಕೆಳಗಿಳಿಯುವುದಿಲ್ಲ. ಆಗ ನನ್ನಲ್ಲಿದ್ದ ಅಗ್ಗದ ಫೋನು ಒಂದು ಬಿಲ್ಲು ತೆರೆಯುವಷ್ಟರಲ್ಲಿ ಬಿಸಿಯಾಗುತ್ತಿತ್ತು. ಹಾಗಾಗಿ ಬೆಂಗಳೂರಿಗೆ ಹೋದಾಗ ಒಂದು ಅಂಗಡಿಯಲ್ಲಿ, 2018ರಲ್ಲಿ ಐವತ್ತು ಸಾವಿರಕ್ಕೂ ಮೇಲೆ ಬೆಲೆಯಿದ್ದ ಫೋನನ್ನು ಹದಿನೇಳು ಸಾವಿರಕ್ಕೆ ಕೊಂಡೆ. ಹಿಂಬದಿಯ ಗಾಜಿನ ಮೇಲೆ ಒಂದು ಗೀರೂ ಇರಲಿಲ್ಲ, ಡಬ್ಬಿಯ ಮೇಲೆ 'ಎ ಗ್ರೇಡ್' ಎಂಬ ಸ್ಟಿಕ್ಕರ್ ಇತ್ತು, ಬಿಲ್ಲಿನಲ್ಲಿ ಆರು ತಿಂಗಳ ವಾರಂಟಿ ಬರೆದಿದ್ದರು. ಮಾರಿದವರು ಮೋಸ ಮಾಡಲಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಅವರು ತೋರಿಸಿದ್ದೆಲ್ಲ ನಿಜವಾಗಿತ್ತು.

ತಪ್ಪಿದ್ದು ನನ್ನ ಲೆಕ್ಕ, ಅದೂ ನನ್ನ ಕಸುಬಿನದೇ ಅಭ್ಯಾಸದಿಂದ. ಒಬ್ಬ ವ್ಯಾಪಾರಿ ಸೆಕೆಂಡ್ ಹ್ಯಾಂಡ್ ಯಂತ್ರವೊಂದನ್ನು ಕೊಂಡರೆ ಆದಾಯ ತೆರಿಗೆಯ ಲೆಕ್ಕದಲ್ಲಿ ನಾವು ಅದರ ಸವಕಳಿಯನ್ನು ಆತ ಅದನ್ನು ತನ್ನ ವ್ಯವಹಾರಕ್ಕೆ ಬಳಸತೊಡಗಿದ ದಿನದಿಂದ ಹಿಡಿಯುತ್ತೇವೆ. ಆ ವರ್ಷ 180 ದಿನಕ್ಕಿಂತ ಕಡಿಮೆ ಬಳಸಿದ್ದರೆ ಅರ್ಧ ದರ. ಯಂತ್ರವನ್ನು ಯಾವ ಇಸವಿಯಲ್ಲಿ ತಯಾರಿಸಿದರು, ಹಿಂದಿನ ಮಾಲೀಕ ಎಷ್ಟು ವರ್ಷ ಓಡಿಸಿದ ಎಂಬುದು ನನ್ನ ಪುಸ್ತಕಕ್ಕೆ ಬೇಕಿಲ್ಲ. ಫೋನಿಗೂ ನಾನು ಇದೇ ಕಣ್ಣಿನಿಂದ ಆಯುಸ್ಸು ಕಟ್ಟಿದೆ: ಇವತ್ತು ಕೊಂಡಿದ್ದೇನೆ, ಅಂಗಡಿಯವರು ಹೊಸ ಬ್ಯಾಟರಿ ಹಾಕಿದ್ದಾರೆ, ಇನ್ನು ನಾಲ್ಕು ವರ್ಷ ನಿಶ್ಚಿಂತೆ, ವರ್ಷಕ್ಕೆ ನಾಲ್ಕೂಕಾಲು ಸಾವಿರ. ಹೊಸ ಅಗ್ಗದ ಫೋನು ಎರಡೇ ವರ್ಷಕ್ಕೆ ಕೈಕೊಡುತ್ತದೆ, ಆದ್ದರಿಂದ ಇದೇ ಲಾಭ.

ಆದರೆ ಫೋನಿನ ತಂತ್ರಾಂಶದ ಆಯುಸ್ಸನ್ನು ಯಾವ ಕಂಪನಿಯೂ ಹೀಗೆ ಎಣಿಸುವುದಿಲ್ಲ. ಆ ಮಾದರಿ ಮೊದಲ ಬಾರಿಗೆ ಮಾರುಕಟ್ಟೆಗೆ ಬಂದ ದಿನ ಗಡಿಯಾರ ಓಡಲು ಶುರುವಾಗುತ್ತದೆ, ನೀವು ಯಾವಾಗ ಕೊಂಡಿರೆಂಬುದಕ್ಕೆ ಅಲ್ಲಿ ಬೆಲೆಯಿಲ್ಲ. ಸೀಲು ಒಡೆಯದ ಡಬ್ಬಿಯಲ್ಲಿ ಮೂರು ವರ್ಷ ಗೋದಾಮಿನಲ್ಲಿದ್ದ ಫೋನಿಗೂ ಮೂರು ವರ್ಷ ಕಳೆದೇ ಹೋಗಿರುತ್ತದೆ. ರಿಫರ್ಬಿಶ್ ಮಾಡುವವರು ಬ್ಯಾಟರಿ ಬದಲಿಸಬಹುದು, ಗಾಜು ಬದಲಿಸಬಹುದು, ಚಾರ್ಜಿಂಗ್ ಪೋರ್ಟ್ ಶುಚಿ ಮಾಡಬಹುದು. ಆ ಗಡಿಯಾರವನ್ನು ಒಂದು ದಿನವೂ ಹಿಂದಕ್ಕೆ ತಿರುಗಿಸಲಾರರು. ಫೋನ್ ಕಂಪನಿ ಮನಸ್ಸು ಮಾಡಿದರೂ ಇದು ಸುಲಭವಲ್ಲ, ಏಕೆಂದರೆ ಒಳಗಿರುವ ಚಿಪ್ ತಯಾರಿಸಿದ ಕಂಪನಿಯೂ ತನ್ನ ಭಾಗದ ತಂತ್ರಾಂಶವನ್ನು ನಿಗದಿತ ವರ್ಷಗಳವರೆಗೆ ಮಾತ್ರ ನವೀಕರಿಸಿ ಕೊಡುತ್ತದೆ. ನಾನು ಕೊಂಡ ಮಾದರಿಯ ಕಾಲದಲ್ಲಿ ಆಂಡ್ರಾಯ್ಡ್ ಫೋನುಗಳಿಗೆ ಮೂರು ವರ್ಷ, ಹೆಚ್ಚೆಂದರೆ ನಾಲ್ಕು ವರ್ಷದ ಸೆಕ್ಯುರಿಟಿ ಅಪ್‌ಡೇಟ್ ಸಿಗುತ್ತಿತ್ತು. ಅಂದರೆ ನಾನು ನಾಲ್ಕು ವರ್ಷಕ್ಕೆಂದು ಹಂಚಿದ್ದ ಹದಿನೇಳು ಸಾವಿರಕ್ಕೆ ದಕ್ಕಿದ್ದು ಒಂದು ವರ್ಷಕ್ಕೂ ಕಡಿಮೆ ಅವಧಿಯ ಅಪ್‌ಡೇಟ್.

ಇದನ್ನು ತಿಳಿಯಲು ಯಾವ ತಜ್ಞನೂ ಬೇಕಿರಲಿಲ್ಲ, ಅಂಗಡಿಯಲ್ಲಿ ನನ್ನ ಕಣ್ಣೆದುರಿಗೇ ಇತ್ತು. ಸೆಟ್ಟಿಂಗ್ಸ್‌ನಲ್ಲಿ 'ಅಬೌಟ್ ಫೋನ್' ತೆರೆದರೆ ಆಂಡ್ರಾಯ್ಡ್ ಆವೃತ್ತಿ ಕಾಣುತ್ತದೆ. 10 ಎಂದಿತ್ತು, ಹಿಂದಿನ ವರ್ಷವಷ್ಟೇ 11 ಬಂದಿದ್ದರಿಂದ ಒಂದೇ ಮೆಟ್ಟಿಲು ಕೆಳಗೆ, ಪರವಾಗಿಲ್ಲ ಎಂದುಕೊಂಡೆ. ಅದರ ಜೊತೆಗೇ ಸೆಕ್ಯುರಿಟಿ ಪ್ಯಾಚ್ (ಭದ್ರತಾ ದೋಷಗಳನ್ನು ಮುಚ್ಚುವ ಅಪ್‌ಡೇಟ್) ಯಾವ ತಾರೀಖಿನದು ಎಂಬ ಸಾಲು ಇರುತ್ತದೆ. ಆ ತಾರೀಖು ಹಲವು ತಿಂಗಳು ಹಿಂದಿನದಾಗಿತ್ತು. ಅಂಗಡಿಯವರು ವೈಫೈಗೆ ಜೋಡಿಸಿ ಅಪ್‌ಡೇಟ್ ಹಾಕಿಲ್ಲವೇನೋ, ಮನೆಗೆ ಹೋಗಿ ಹಾಕಿಕೊಂಡರಾಯಿತು ಎಂದು ನಾನೇ ಅವರ ಪರವಾಗಿ ಸಮಜಾಯಿಷಿ ಕೊಟ್ಟುಕೊಂಡೆ. ಮನೆಗೆ ಬಂದು ಅಪ್‌ಡೇಟ್ ಒತ್ತಿದಾಗ 'ನಿಮ್ಮ ತಂತ್ರಾಂಶ ಇತ್ತೀಚಿನದೇ ಆಗಿದೆ' ಎಂಬ ಉತ್ತರ ಬಂತು. ಈ ಸಂದೇಶ ಎಷ್ಟು ದಾರಿ ತಪ್ಪಿಸುತ್ತದೆಂದರೆ, ಕಂಪನಿ ಕೊಡುವುದನ್ನು ಕಡಿಮೆ ಮಾಡಿದೆ ಎಂಬ ಸುದ್ದಿಯನ್ನು ಅದು ನಿಮ್ಮ ಫೋನು ಸುಸ್ಥಿತಿಯಲ್ಲಿದೆ ಎಂಬ ಸುದ್ದಿಯಂತೆ ಹೇಳುತ್ತದೆ.

ಅಪ್‌ಡೇಟ್ ನಿಂತ ಮಾತ್ರಕ್ಕೆ ಫೋನು ಕೆಡಲಿಲ್ಲ, ಅದನ್ನೂ ಪ್ರಾಮಾಣಿಕವಾಗಿ ಹೇಳಬೇಕು. ಕ್ಯಾಮೆರಾ ಹಾಗೇ ಇತ್ತು, ವೇಗ ಹಾಗೇ ಇತ್ತು. ಕಾಡಿದ್ದು ಬೇರೆಯೇ. 2015ರಿಂದ ಗೂಗಲ್ ಪ್ರತಿ ತಿಂಗಳೂ ಆಂಡ್ರಾಯ್ಡ್‌ನಲ್ಲಿ ಸಿಕ್ಕ ಭದ್ರತಾ ದೋಷಗಳ ಪಟ್ಟಿಯನ್ನು ಪ್ರಕಟಿಸುತ್ತದೆ. ಪ್ಯಾಚ್ ಬರುವ ಫೋನುಗಳಿಗೆ ಅದು ರಕ್ಷಣೆ, ಬಾರದ ಫೋನುಗಳ ಪಾಲಿಗೆ ಅದೇ ಪಟ್ಟಿ ದುರುಳರ ಕೈಗೆ ಸಿಕ್ಕ ಮಾಹಿತಿ. ಹತ್ತಾರು ವ್ಯಾಪಾರಿಗಳ ಪ್ಯಾನ್, ಬ್ಯಾಂಕ್ ಸ್ಟೇಟ್‌ಮೆಂಟು, ಬಿಲ್ಲುಗಳನ್ನು ಇಟ್ಟುಕೊಂಡವನಿಗೆ ಇದು ನಿದ್ದೆಗೆಡಿಸುವ ವಿಷಯ. ತಂತ್ರಾಂಶ ಬಲ್ಲ ನನ್ನ ಅಕ್ಕನ ಮಗ 'ಕಸ್ಟಮ್ ರಾಮ್ (ROM) ಹಾಕಿಬಿಡೋಣ ಮಾವ, ಹೊಸ ಆಂಡ್ರಾಯ್ಡ್ ಬರುತ್ತದೆ' ಎಂದ. ಫೋನ್ ಕಂಪನಿಯದನ್ನು ತೆಗೆದು, ಹೊರಗಿನವರು ಸಿದ್ಧಪಡಿಸಿದ ಆಂಡ್ರಾಯ್ಡ್ ಹಾಕುವುದೆಂದರ್ಥ. ಹೊರಗಿನ ತಂತ್ರಾಂಶವನ್ನು ಒಳಗೆ ಬಿಡದ ಬೂಟ್‌ಲೋಡರ್ ಬೀಗ ತೆಗೆದೊಡನೆ ಫೋನಿನಲ್ಲಿದ್ದದ್ದೆಲ್ಲ ಅಳಿಸಿಹೋಯಿತು, ಅದಕ್ಕೆ ಸಿದ್ಧನಾಗಿದ್ದೆ. ಹೊಸ ಆಂಡ್ರಾಯ್ಡ್ ಬಂತು, ಪ್ಯಾಚ್ ತಾರೀಖೂ ಆ ತಿಂಗಳದ್ದೇ ಆಯಿತು, ಇಬ್ಬರೂ ಕಾಫಿ ಕುಡಿದೆವು. ಬ್ಯಾಂಕಿನ ಆ್ಯಪ್ ತೆರೆದಾಗ ಮಾತ್ರ, ಈ ಸಾಧನ ಸುರಕ್ಷಿತವಲ್ಲ ಎಂಬ ಒಂದು ಸಾಲು ತೋರಿಸಿ ಅದು ತಾನೇ ಮುಚ್ಚಿಕೊಂಡಿತು. ಯುಪಿಐ ಆ್ಯಪ್ ಕೂಡ ಅದನ್ನೇ ಮಾಡಿತು.

ಕಾರಣ ಸರಳ. ಬೂಟ್‌ಲೋಡರ್ ತೆರೆದಿದೆಯೇ, ಕಂಪನಿಯ ಮೂಲ ತಂತ್ರಾಂಶವೇ ಇದೆಯೇ ಎಂದು ಬ್ಯಾಂಕಿನ ಆ್ಯಪ್‌ಗಳು ಗೂಗಲ್‌ನ ವ್ಯವಸ್ಥೆಯನ್ನು ಕೇಳಿ ತಿಳಿದುಕೊಳ್ಳುತ್ತವೆ; ಈಗ ಅದಕ್ಕೆ ಪ್ಲೇ ಇಂಟೆಗ್ರಿಟಿ ಎಂಬ ಹೆಸರಿದೆ. ಅದಕ್ಕೆ ಮಂಕುಬೂದಿ ಎರಚುವ ಉಪಾಯಗಳು ಹುಡುಗರಿಗೆ ಗೊತ್ತು, ಆದರೆ ಅವು ಇಂದು ನಡೆದರೆ ನಾಳೆ ನಡೆಯುವುದಿಲ್ಲ, ಹಣಕಾಸಿನ ವ್ಯವಹಾರವನ್ನು ಅಂಥ ಉಪಾಯದ ಮೇಲೆ ನಿಲ್ಲಿಸುವ ಧೈರ್ಯ ನನಗಿಲ್ಲ. ಮತ್ತೆ ಮೂಲ ತಂತ್ರಾಂಶ ಹಾಕಿದರಾಯಿತಲ್ಲ ಎನ್ನುತ್ತೀರಿ. ಹಾಕಿದರೆ ಹಳೆಯ ಪ್ಯಾಚ್‌ಗೇ ಮರಳಿದಂತಾಯಿತು. ಕೊನೆಗೆ ಇನ್ನೊಂದು ಫೋನು ಕೊಂಡೆ. ಆ 'ಎ ಗ್ರೇಡ್' ಫೋನು ಈಗ ಅಡುಗೆಮನೆಯಲ್ಲಿ ಸಿಮ್ ಇಲ್ಲದೆ ಯಕ್ಷಗಾನ ಕೇಳಿಸುತ್ತಿದೆ, ಅದರ ಧ್ವನಿ ಇಂದಿಗೂ ಬಲು ಚೆನ್ನಾಗಿದೆ.

ಆದ್ದರಿಂದ 'ಹಳೆಯ ಫ್ಲ್ಯಾಗ್‌ಶಿಪ್ ವಾಸಿಯೋ, ಹೊಸ ಅಗ್ಗದ್ದು ವಾಸಿಯೋ' ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಅಪ್‌ಡೇಟ್ ಮುಗಿಯುವ ತಾರೀಖು ಗೊತ್ತಿಲ್ಲದೆ ಇವೆರಡನ್ನು ತೂಗುವುದಕ್ಕೆ ಅರ್ಥವಿಲ್ಲ. ಬೆಲೆಯನ್ನು ಉಳಿದಿರುವ ತಿಂಗಳುಗಳಿಂದ ಭಾಗಿಸಿ ನೋಡಿ. ನೀವು ನೋಡಿರುವ 2019ರ ಆಂಡ್ರಾಯ್ಡ್ ಫೋನಿನಲ್ಲಿ ಭಾಗಿಸಲು ತಿಂಗಳುಗಳೇ ಉಳಿದಿಲ್ಲ: ಆ ವರ್ಷದ ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಸ್10 ಸರಣಿಗೆ 2023ರಲ್ಲೇ ಅಪ್‌ಡೇಟ್ ನಿಂತಿತು, ಪಿಕ್ಸೆಲ್ 4ಕ್ಕೆ ಗೂಗಲ್ ಕೊಟ್ಟಿದ್ದ ಭರವಸೆ 2022ರ ಅಕ್ಟೋಬರ್‌ಗೇ ಮುಗಿಯಿತು. ಅದೇ ವರ್ಷದ ಐಫೋನ್ 11ಕ್ಕೆ ಮಾತ್ರ 2025ರ ಐಒಎಸ್ 26 ಕೂಡ ಬಂತು, ಏಕೆಂದರೆ ಆ್ಯಪಲ್ ತನ್ನ ಚಿಪ್ಪನ್ನು ತಾನೇ ವಿನ್ಯಾಸಗೊಳಿಸುತ್ತದೆ, ಇನ್ನೊಬ್ಬರ ಕೈ ಕಾಯಬೇಕಿಲ್ಲ. ಆದರೆ ಅದಕ್ಕಿಂತ ಕೇವಲ ಒಂದು ವರ್ಷ ಹಿರಿಯವಾದ ಎಕ್ಸ್ಆರ್ ಮತ್ತು ಎಕ್ಸ್ಎಸ್ ಮಾದರಿಗಳು ಅದೇ ಐಒಎಸ್ 26ರಲ್ಲಿ ಹೊರಗುಳಿದವು. ಅಂಗಡಿಯ ಗಾಜಿನೊಳಗೆ ಪಕ್ಕಪಕ್ಕದಲ್ಲಿಟ್ಟರೆ ಎಕ್ಸ್ಆರ್ ಮತ್ತು 11ರ ನಡುವೆ ಎದ್ದುಕಾಣುವ ವ್ಯತ್ಯಾಸ ಕ್ಯಾಮೆರಾದ್ದೊಂದೇ. ಐಫೋನ್ 11ರಲ್ಲಿಯೂ 5ಜಿ ಇಲ್ಲ ಎಂಬುದು ನೆನಪಿರಲಿ. 5ಜಿ ಬೇಕಾದರೆ 12ರಿಂದ ಮೇಲೆ ನೋಡಬೇಕು.

ಹಳೆಯದನ್ನು ಕೊಳ್ಳಲೇಬೇಡಿ ಎನ್ನುವವನೂ ನಾನಲ್ಲ. ಈಗಿನ ಕಂಪನಿಗಳ ಭರವಸೆ ನಮ್ಮ ಕಾಲದ್ದಕ್ಕಿಂತ ಬಹಳ ದೊಡ್ಡದು. 2023ರ ಅಕ್ಟೋಬರ್‌ನಲ್ಲಿ ಬಂದ ಪಿಕ್ಸೆಲ್ 8ಕ್ಕೆ ಏಳು ವರ್ಷ, 2024ರ ಜನವರಿಯ ಗ್ಯಾಲಕ್ಸಿ ಎಸ್24ಕ್ಕೂ ಏಳು ವರ್ಷ; ಇವು ಎರಡನೆಯ, ಮೂರನೆಯ ಕೈಗೆ ಬಂದರೂ ಜೀವ ಉಳಿದಿರುತ್ತದೆ. 2022ರ ಎಸ್22ಕ್ಕೆ ಐದು ವರ್ಷ ಮಾತ್ರ, ಅಂದರೆ 2027ಕ್ಕೆ ಮುಗಿಯುವಂಥದ್ದು, ಅದನ್ನು ಯಾರಾದರೂ ಬಹಳ ಅಗ್ಗಕ್ಕೆ ಕೊಟ್ಟರೆ ಮೊದಲು ಕಾರಣ ಊಹಿಸಿ. ಮಗಳ ಓದು ಮುಗಿಯುವವರೆಗೆ ಮೂರು ನಾಲ್ಕು ವರ್ಷ ಬೇಕಲ್ಲ; ಅಷ್ಟು ಉಳಿದಿರುವ ರಿಫರ್ಬಿಶ್ಡ್ ಫೋನು ನಿಮ್ಮ ಹಣಕ್ಕೆ ದೊರೆತರೆ ಕಣ್ಣುಮುಚ್ಚಿ ಕೊಳ್ಳಿ. ದೊರೆಯದಿದ್ದರೆ ಸ್ವಲ್ಪ ಹಣ ಸೇರಿಸಿ, ಆರು ವರ್ಷದ ಅಪ್‌ಡೇಟ್ ಭರವಸೆಯೊಂದಿಗೆ 2024ರ ಕೊನೆಯಲ್ಲಿ ಬಂದ ಗ್ಯಾಲಕ್ಸಿ ಎ16 5ಜಿಯಂಥ ಹೊಸದನ್ನೇ ತೆಗೆದುಕೊಳ್ಳಿ. ಅದರ ಫೋಟೊಗಳು ಸಾಧಾರಣ, ವೇಗವೂ ಸಾಧಾರಣ, ಮಗಳು ಗೊಣಗುತ್ತಾಳೆ. ಗೊಣಗಲಿ ಬಿಡಿ, ಮೆಸ್ ಬಿಲ್ಲು ಕಟ್ಟುವಾಗ ಯುಪಿಐ ನಡೆಯುತ್ತದೆ.

ಇನ್ನು ದೇಹದ ವಿಷಯ. ಐಫೋನ್ 14 ಮತ್ತು ಅದಕ್ಕಿಂತ ಹಿಂದಿನವುಗಳ ಬ್ಯಾಟರಿ 500 ಪೂರ್ಣ ಚಾರ್ಜ್‌ಗಳ ಬಳಿಕ ಮೂಲ ಸಾಮರ್ಥ್ಯದ ಶೇ. 80ರಷ್ಟನ್ನು ಉಳಿಸಿಕೊಳ್ಳುವಂತೆ ಮಾಡಲಾಗಿದೆ ಎಂದು ಆ್ಯಪಲ್ ಹೇಳುತ್ತದೆ. ದಿನಕ್ಕೊಮ್ಮೆ ಚಾರ್ಜ್ ಹಾಕುವವರಿಗೆ ಇದು ಎರಡು ವರ್ಷದ ಮಾತೂ ಅಲ್ಲ. ಹಾಗಾಗಿ ಐದು ವರ್ಷದ ಫೋನಿನಲ್ಲಿ ಬ್ಯಾಟರಿ ಸಾಮರ್ಥ್ಯ ಶೇ. 100 ಎಂದು ತೋರಿಸಿದರೆ ಅದು ಬದಲಾಗಿದೆ ಎಂದೇ ಅರ್ಥ, ಮೂಲ ಕಂಪನಿಯದೋ ಲೋಕಲ್ಲೋ ಎಂಬುದಷ್ಟೇ ಪ್ರಶ್ನೆ. ಐಫೋನಿನಲ್ಲಾದರೆ ಬದಲಿಸಿದ ಬಿಡಿಭಾಗ ಅಸಲಿಯೇ ಎಂಬುದು ಸೆಟ್ಟಿಂಗ್ಸ್‌ನ 'ಅಬೌಟ್' ಪುಟದಲ್ಲೇ ಕಾಣುತ್ತದೆ. ನೀರು ತಾಗಿದರೂ ಏನೂ ಆಗುವುದಿಲ್ಲ ಎಂಬ ಮಾತನ್ನು ಒಮ್ಮೆ ಬಿಚ್ಚಿದ ಫೋನಿನ ವಿಷಯದಲ್ಲಿ ನಂಬಬೇಡಿ. ಹಳೆಯ ಅಮೊಲೆಡ್ ಪರದೆಗಳಲ್ಲಿ ಇದ್ದಕ್ಕಿದ್ದಂತೆ ಮೇಲಿನಿಂದ ಕೆಳಗೆ ಹಸಿರು ಗೆರೆ ಮೂಡುವುದುಂಟು. ಅಂಥ ಪರದೆಯನ್ನು ಬದಲಿಸುವ ಖರ್ಚು ಕೆಲವೊಮ್ಮೆ ನೀವು ಫೋನಿಗೆ ಕೊಟ್ಟ ಬೆಲೆಯ ಹತ್ತಿರಕ್ಕೇ ಬರುತ್ತದೆ.

ಕದ್ದ ಮಾಲಲ್ಲ ಎಂಬುದನ್ನು ದುಡ್ಡು ಕೊಡುವ ಮೊದಲೇ ನೋಡಿ. *#06# ಒತ್ತಿದರೆ ಫೋನಿನ ಗುರುತಿನ ಸಂಖ್ಯೆಯಾದ ಐಎಂಇಐ ಬರುತ್ತದೆ. ಮೊದಲು KYM ಎಂದು ಬರೆದು, ಜಾಗ ಬಿಟ್ಟು ಆ ಸಂಖ್ಯೆಯನ್ನು ಬರೆದು 14422ಕ್ಕೆ ಎಸ್ಎಂಎಸ್ ಮಾಡಬಹುದು, ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ತಾಣದಲ್ಲಿಯೂ ಪರೀಕ್ಷಿಸಬಹುದು. ಕಳೆದುಹೋದದ್ದೆಂದು ಮೂಲ ಮಾಲೀಕ ದೂರು ಕೊಟ್ಟು ತಡೆ ಹಾಕಿಸಿದ್ದರೆ ಅದು ಅಲ್ಲಿ ಗೊತ್ತಾಗುತ್ತದೆ. ಗೊತ್ತಾಗದೆ ಕೊಂಡರೆ ಫೋನೂ ಹೋಗುತ್ತದೆ, ಠಾಣೆಯ ಮೆಟ್ಟಿಲೂ ಹತ್ತಬೇಕಾಗುತ್ತದೆ. ಅದೇ ಸಂಖ್ಯೆಯನ್ನು ಬಿಲ್ಲಿನ ಮೇಲೆ ಬರೆಯಲು ಒಪ್ಪದ ಅಂಗಡಿಯಿಂದ ಹಾಗೇ ಎದ್ದು ಬನ್ನಿ.

ವಾಪಸು ಕೊಡಲು ಎಷ್ಟು ದಿನ ಅವಕಾಶವಿದೆ ಎಂದು ಬರವಣಿಗೆಯಲ್ಲಿ ತೆಗೆದುಕೊಳ್ಳಿ, ತೆಗೆದುಕೊಂಡ ಮೇಲೆ ಆ ದಿನಗಳಲ್ಲಿ ಫೋನನ್ನು ಕಪಾಟಿನಲ್ಲಿ ಇಡಬೇಡಿ. ಮಗಳ ಸಿಮ್ ಅನ್ನು ಮೊದಲ ದಿನವೇ ಹಾಕಿ, ಅವಳ ಬ್ಯಾಂಕಿನ ಆ್ಯಪ್ ಮತ್ತು ಯುಪಿಐಯನ್ನು ಅದರಲ್ಲೇ ನೋಂದಾಯಿಸಿ, ಒಂದು ರೂಪಾಯಿಯನ್ನಾದರೂ ನಿಮ್ಮ ಖಾತೆಗೆ ಕಳಿಸಿಕೊಳ್ಳಿ. ಹಿಂದಿನವರ ಗೂಗಲ್ ಅಥವಾ ಆ್ಯಪಲ್ ಖಾತೆ ಒಳಗೆ ಉಳಿದಿದ್ದರೆ ಒಮ್ಮೆ ಫ್ಯಾಕ್ಟರಿ ರೀಸೆಟ್ ಮಾಡಿದಾಗ ಅವರ ಪಾಸ್‌ವರ್ಡ್ ಕೇಳಬಹುದು, ಅದನ್ನೂ ಅಂಗಡಿಯಲ್ಲೇ ಮಾಡಿಸಿ. ಆಮೇಲೆ ಅರ್ಧ ಗಂಟೆ ಬಿಸಿಲಿನಲ್ಲಿ ನಿಂತು ವಿಡಿಯೊ ಕಾಲ್ ಮಾಡಿ. ಬ್ಯಾಟರಿ, ಪರದೆ, ಮೈಕು ಮೂರರ ಬಂಡವಾಳವೂ ಅದರಲ್ಲೇ ಹೊರಬೀಳುತ್ತದೆ. 'ಅಬೌಟ್ ಫೋನ್' ಪುಟದ ಪ್ಯಾಚ್ ತಾರೀಖಿನ ಫೋಟೊ ತೆಗೆದು ಇಲ್ಲಿ ಕಮೆಂಟಿನಲ್ಲಿ ಹಾಕಿ, ಆ ಫೋನಿಗೆ ಎಷ್ಟು ಕಾಲ ಉಳಿದಿದೆ ಎಂದು ನೋಡಿ ಹೇಳುತ್ತೇನೆ.