ಬಾನೆಟ್ ಮೇಲಿನ ಬೆಕ್ಕು: ಓಡಿಸಿದಷ್ಟೂ ಗೀರು ಜಾಸ್ತಿ

ಪ್ರಶ್ನೆ: ಮಂಗಳೂರಿನ ಬಿಜೈಯಲ್ಲಿ ನಮ್ಮ ಮನೆ. ಕಪ್ಪು ಬಣ್ಣದ ಹೊಸ ಕಾರನ್ನು ಅಂಗಳದಲ್ಲಿ ಕಂಪೌಂಡ್ ಗೋಡೆಗೆ ಒತ್ತಿ ನಿಲ್ಲಿಸುತ್ತೇವೆ. ಪಕ್ಕದ ಮನೆಯವರು ನಾಲ್ಕು ಬೆಕ್ಕುಗಳಿಗೆ ಅನ್ನ ಹಾಕುತ್ತಾರೆ, ಅವು ಮಲಗುವುದು ಮಾತ್ರ ನಮ್ಮ ಬಾನೆಟ್ ಮೇಲೆ. ಬೆಳಿಗ್ಗೆ ಎದ್ದು ಹಿಡಿಸೂಡಿಯಿಂದ ಓಡಿಸುವುದೇ ಕೆಲಸವಾಗಿದೆ. ನೀಲಿ ನೀರಿನ ಬಾಟಲಿ ಇಟ್ಟೆವು, ಮೆಣಸಿನ ಪುಡಿ ಉದುರಿಸಿದೆವು. ಗೀರು ಮಾತ್ರ ಹೆಚ್ಚುತ್ತಲೇ ಇದೆ.

ಉತ್ತರ: ಮೊದಲು ಆ ಹಿಡಿಸೂಡಿಯನ್ನು ಮೂಲೆಗಿಡಿ. ಬೆಕ್ಕು ನಡೆಯುವಾಗ, ಮಲಗಿರುವಾಗ ಅದರ ಉಗುರು ಒಳಗೇ ಇರುತ್ತದೆ. ಹೊರಗೆ ಬರುವುದು ಹಾರುವಾಗ, ಜಾರುವಾಗ, ಹೆದರಿ ಓಟ ಕೀಳುವಾಗ. ನಿದ್ದೆಯಲ್ಲಿದ್ದ ಬೆಕ್ಕಿನ ಎದುರು ಹಿಡಿಸೂಡಿ ಬೀಸಿದರೆ ಅದು ಹಿಂಗಾಲಿಗೆ ಪೂರ್ತಿ ಬಲ ಕೊಟ್ಟು ಚಿಮ್ಮುತ್ತದೆ. ಹೊಳೆಯುವ ಬಾನೆಟ್‌ನಲ್ಲಿ ಹಿಡಿತ ಸಿಗದೆ ಉಗುರು ಊರುತ್ತದೆ. ನಿಮ್ಮ ಕಾರಿನ ಉದ್ದ ಗೀರುಗಳಲ್ಲಿ ಹೆಚ್ಚಿನವು ಬೆಕ್ಕು ಬಂದಾಗ ಆದದ್ದಲ್ಲ, ಹೋಗುವಾಗ ಆದದ್ದು. ಬೆಳಿಗ್ಗೆ ಅದು ಕಂಡರೆ ಮನೆ ಬಾಗಿಲಲ್ಲೇ ನಿಂತು ಎರಡು ಚಪ್ಪಾಳೆ ತಟ್ಟಿ, ಮೈಮುರಿದು ತಾನಾಗಿ ಇಳಿಯಲು ಸಮಯ ಕೊಡಿ.

ರಾತ್ರಿ ಟಾರ್ಚನ್ನು ಓರೆಯಾಗಿ ಹಿಡಿದು ಒಮ್ಮೆ ಪರೀಕ್ಷಿಸಿ. ಮೂರು ನಾಲ್ಕು ಗೆರೆಗಳು ಜೊತೆಜೊತೆಯಾಗಿ ಅಂಚಿನ ಕಡೆಗೆ ಎಳೆದಂತಿದ್ದರೆ ಅದು ಉಗುರು. ಜೇಡರ ಬಲೆಯ ಹಾಗೆ ಸುತ್ತಸುತ್ತ ಸಣ್ಣ ಗೀರುಗಳಿದ್ದರೆ ತಪ್ಪು ಬೆಕ್ಕಿನದ್ದಲ್ಲ, ನಿಮ್ಮ ಒರೆಸುವ ಬಟ್ಟೆಯದ್ದು. ಬೆಕ್ಕಿನ ಪಾದದಲ್ಲಿ ಬರುವುದು ನಮ್ಮ ಕೆಂಪುಕಲ್ಲಿನ ಧೂಳು, ಅದರಲ್ಲಿ ಗಟ್ಟಿ ಹರಳು ಇರುತ್ತದೆ. ಹೆಜ್ಜೆ ಗುರುತು ಕಂಡ ಕೂಡಲೇ ಒಣ ಬಟ್ಟೆಯಿಂದ ಉಜ್ಜಿದರೆ ಮರಳುಕಾಗದ ತಿಕ್ಕಿದ ಹಾಗೆ. ಕಪ್ಪು ಬಣ್ಣದಲ್ಲಿ ಇದು ಎಲ್ಲಕ್ಕಿಂತ ಎದ್ದು ಕಾಣುತ್ತದೆ. ಮೊದಲು ಒಂದೆರಡು ಚೊಂಬು ನೀರು ಹರಿಸಿ, ಒಣಗಿದ ಮಣ್ಣಿದ್ದರೆ ಒದ್ದೆ ಬಟ್ಟೆಯನ್ನು ಐದು ನಿಮಿಷ ಹಾಸಿ ನೆನೆಸಿ, ಆಮೇಲೆ ಕಾರ್ ಶಾಂಪೂ ಹಾಕಿದ ಮೈಕ್ರೋಫೈಬರ್ ಬಟ್ಟೆಯಿಂದ ನೇರ ಗೆರೆಯಲ್ಲಿ ಒರೆಸಿ. ಬಟ್ಟೆ ಅದ್ದಲು ಒಂದು ಬಕೆಟ್, ತೊಳೆಯಲು ಇನ್ನೊಂದು.

ಇನ್ನು ಬೆಕ್ಕು ನಿಮ್ಮ ಬಾನೆಟ್ಟನ್ನೇ ಏಕೆ ಆರಿಸುತ್ತದೆ ಎಂಬ ವಿಷಯ. ಬೆಕ್ಕಿನ ಮೈಗೆ ಹಿತವಾದ ಉಷ್ಣಾಂಶ 30ರಿಂದ 38 ಡಿಗ್ರಿ. ಆಷಾಢದ ಮಳೆಯಲ್ಲಿ ಅಂಗಳ 24 ಡಿಗ್ರಿಗೆ ಇಳಿದಾಗ ನಮಗೆ ಹಾಯೆನಿಸಿದರೂ ಅದಕ್ಕೆ ಚಳಿ. ಸಂಜೆ ಆಫೀಸಿನಿಂದ ಬಂದು ನಿಲ್ಲಿಸಿದ ಕಾರಿನ ಬಾನೆಟ್ ಒಂದೆರಡು ಗಂಟೆ ಬೆಚ್ಚಗೆ, ಒಣಗಿ, ನೆಲದಿಂದ ಮೂರಡಿ ಎತ್ತರದಲ್ಲಿ ನಾಯಿಗೆ ಎಟುಕದಂತೆ ಇರುತ್ತದೆ. ಇಡೀ ಓಣಿಯಲ್ಲಿ ಇದಕ್ಕಿಂತ ಒಳ್ಳೆಯ ಜಾಗ ಅದಕ್ಕೆ ಸಿಗುವುದಿಲ್ಲ. ಹಾಗಾಗಿ ಬರೀ ಬೆದರಿಕೆಯಿಂದ ಕೆಲಸ ಆಗದು. ಅದಕ್ಕಿಂತ ಒಳ್ಳೆಯದೊಂದು ಜಾಗ ತೋರಿಸಬೇಕು.

ಮೀನು ತರುವ ಥರ್ಮಾಕೋಲ್ ಪೆಟ್ಟಿಗೆ ಇದಕ್ಕೆ ಹೇಳಿ ಮಾಡಿಸಿದ ಹಾಗಿದೆ. ಸೋಪಿನಲ್ಲಿ ತೊಳೆದು ಎರಡು ದಿನ ಬಿಸಿಲಿಗಿಡಿ, ವಾಸನೆ ಉಳಿದರೆ ಇರುವೆ ಮತ್ತು ನಾಯಿ ಎರಡೂ ಬರುತ್ತವೆ. ಉದ್ದದ ಬದಿಯ ಒಂದು ಮೂಲೆಯಲ್ಲಿ, ತಳದಿಂದ ನಾಲ್ಕು ಬೆರಳು ಮೇಲೆ, 15 ಸೆಂ.ಮೀ. ಅಗಲದ ತೂತು ಕೊರೆಯಿರಿ. ಮುಚ್ಚಳದ ಮೇಲೆ ಒಂದು ಇಟ್ಟಿಗೆ ಹೇರಿ. ನಮ್ಮಲ್ಲಿ ಮಳೆ ಬೀಸುವುದು ಪಡುವಣದಿಂದ, ಆದ್ದರಿಂದ ತೂತು ಮೂಡು ದಿಕ್ಕಿಗಿರಲಿ. ಒಳಗೆ ಬಟ್ಟೆ ಹಾಸಬೇಡಿ, ಅದು ತೇವ ಹೀರಿ ಒದ್ದೆಯಾಗಿಯೇ ಕೂರುತ್ತದೆ, ಬೈಹುಲ್ಲು ಒಳ್ಳೆಯದು. ಬೆಕ್ಕು ಈಗಾಗಲೇ ಮಲಗಿದ ಗೋಣಿ ಅಥವಾ ಕಾಲೊರಸು ಇದ್ದರೆ ಅದರ ಒಂದು ತುಂಡನ್ನು ಹುಲ್ಲಿನ ಮೇಲಿಡಿ, ತನ್ನದೇ ವಾಸನೆ ಇರುವ ಕಡೆ ಬೆಕ್ಕು ಬೇಗ ಒಗ್ಗುತ್ತದೆ. ಪೆಟ್ಟಿಗೆಯನ್ನು ಸನ್‌ಶೇಡ್ ಮೇಲೋ ಪಕ್ಕದ ಮನೆಯ ಗೋಡೆಯಂಚಿನ ಮಾಡಿನ ಕೆಳಗೋ ಎತ್ತರದಲ್ಲಿಡಿ. ಅನ್ನ ಹಾಕುವವರನ್ನೇ ಒಪ್ಪಿಸಿ ಅವರ ಅಂಗಳದಲ್ಲಿಡಿಸಿದರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ.

ಎರಡನೆಯದು, ದಾರಿ ಕಡಿಯುವುದು. ಗೋಡೆಗೆ ಒತ್ತಿ ನಿಲ್ಲಿಸಿದ ಕಾರು ಬೆಕ್ಕಿಗೆ ಮೆಟ್ಟಿಲು: ಕಂಪೌಂಡ್, ಅಲ್ಲಿಂದ ಕಾರಿನ ತಲೆ, ಅಲ್ಲಿಂದ ಗಾಜಿನ ಮೇಲೆ ಜಾರಿ ಬಾನೆಟ್. ಆಳವಾದ ಗೀರು ಬೀಳುವುದು ಹೀಗೆ ಮೇಲಿಂದ ಧುಮುಕುವಾಗ. ಜಾಗವಿದ್ದರೆ ಗೋಡೆಯಿಂದ ಐದಾರು ಅಡಿ ಬಿಡಿ. ನೆಲದಿಂದ ಬಾನೆಟ್‌ಗೆ ಹಾರುವುದನ್ನು ಇದು ತಡೆಯುವುದಿಲ್ಲ, ಬೆಕ್ಕಿಗೆ ಮೂರಡಿ ಲೆಕ್ಕಕ್ಕೇ ಇಲ್ಲ. ಅದಕ್ಕೆ ಸಂಜೆ ಮೊದಲ ಎರಡು ಗಂಟೆ ಬಾನೆಟ್ ಮೇಲೆ ಹಳೆಯ ಹತ್ತಿ ಬೆಡ್‌ಶೀಟ್ ಹಾಸಿ, ಅದರ ಮೇಲೆ ಮೊಂಡು ಮುಳ್ಳಿನ ಪ್ಲಾಸ್ಟಿಕ್ ಮ್ಯಾಟ್ ಇಡಿ, ಹೂಕುಂಡಗಳಿಗೆ ಬಳಸುವಂಥದ್ದು. ಕಾಲಿಗೆ ಕಿರಿಕಿರಿ, ಗಾಯವಿಲ್ಲ. ಬಾನೆಟ್ ತೊಳೆದು ಶುಚಿಯಾಗಿದ್ದಾಗ ಮಾತ್ರ ಹಾಸಿ. ಪೆಟ್ಟಿಗೆ ಮತ್ತು ಮ್ಯಾಟ್ ಎರಡನ್ನೂ ಒಟ್ಟಿಗೇ ಶುರುಮಾಡಿ ಎರಡು ಮೂರು ವಾರ ಬಿಡದೆ ನಡೆಸಬೇಕು. ಮಧ್ಯೆ ನಾಲ್ಕು ದಿನ ತಪ್ಪಿದರೆ ಮತ್ತೆ ಮೊದಲಿನಿಂದ.

ಕವರ್ ಹಾಕಬಹುದೇ? ಬೇಸಿಗೆಯಲ್ಲಿ ಹಾಕಿ, ಒಳಗೆ ಮೃದು ಹತ್ತಿಯ ಪದರ ಇರುವ ದಪ್ಪದ್ದನ್ನು. ತೆಳು ಕವರಿನ ಮೂಲಕ ಉಗುರು ಸಲೀಸಾಗಿ ದಾಟುತ್ತದೆ. ಮಳೆಗಾಲದಲ್ಲಿ ನಮ್ಮ ಊರಿಗೆ ಕವರ್ ತಲೆನೋವೇ: ಒದ್ದೆ ಕವರ್ ಕೆಳಗೆ ಬಣ್ಣದ ಮೇಲೆ ನೀರಿನ ಕಲೆ, ಒಳಗೆ ಸೀಟಿಗೆ ಬೂಸ್ಟು. ಎಂಜಿನ್ ಆರಲು ಅರ್ಧ ಗಂಟೆ ಬಿಟ್ಟು ಹಾಕಿ.

ನೀಲಿ ಬಾಟಲಿಯನ್ನು ನಾಯಿಗಳೇ ಲೆಕ್ಕಿಸುವುದಿಲ್ಲ, ಬೆಕ್ಕು ಅದಕ್ಕೆ ಮೈ ಉಜ್ಜಿ ಹೋಗುತ್ತದೆ. ಮೆಣಸಿನ ಪುಡಿ ಒಂದು ಮಳೆಗೆ ತೊಳೆದು ಹೋಗುತ್ತದೆ, ಹೋಗುವ ಮೊದಲು ಬೆಕ್ಕು ಪಾದ ನೆಕ್ಕಿ ಅದರ ಬಾಯಿ ಕಣ್ಣು ಸುಡುತ್ತದೆ. ನುಸಿಗುಳಿಗೆ, ಕರ್ಪೂರದೆಣ್ಣೆ, ನೀಲಗಿರಿ ಎಣ್ಣೆ ಬೆಕ್ಕಿಗೆ ವಿಷ. ಎರಡೂ ಬದಿ ಅಂಟುವ ಟೇಪನ್ನು ಬಣ್ಣದ ಮೇಲೆ ಅಂಟಿಸಬೇಡಿ, ಬಿಸಿಲಿಗೆ ಗೋಂದು ಕರಗಿ ಕೂರುತ್ತದೆ. ಅಲ್ಟ್ರಾಸಾನಿಕ್ ಯಂತ್ರ ಕೆಲವು ಬೆಕ್ಕುಗಳಿಗೆ ನಾಟುತ್ತದೆ, ಕೆಲವಕ್ಕೆ ಇಲ್ಲ. ಕಿವಿ ಮಂದವಾದ ಮುದಿ ಬೆಕ್ಕಿಗಂತೂ ಪ್ರಯೋಜನವಿಲ್ಲ.

ಪ್ರಶ್ನೆ: ಮಲ್ಪೆಯಲ್ಲಿದ್ದೇವೆ. ಬಾನೆಟ್‌ನಲ್ಲಿ ಒಂದು ಗೀರು ಬೂದು ಬಣ್ಣಕ್ಕೆ ತಿರುಗಿದೆ. ಸೆರಾಮಿಕ್ ಕೋಟಿಂಗ್ ಮಾಡಿಸಿದರೆ ಮುಂದೆ ಗೀರು ಬೀಳುವುದಿಲ್ಲ ಎನ್ನುತ್ತಾರೆ. ವಿಮೆಯಲ್ಲಿ ಸಿಗುತ್ತದೆಯೇ?

ಉತ್ತರ: ಬೂದು ಕಂಡಿದೆ ಎಂದರೆ ಗೀರು ಪ್ರೈಮರ್ ತನಕ, ಅಂದರೆ ಬಣ್ಣದ ಕೆಳಗಿನ ಪದರದ ತನಕ ಹೋಗಿದೆ. ಅದರ ಕೆಳಗೆ ತಗಡು. ಸಮುದ್ರದ ಉಪ್ಪು ಗಾಳಿಗೆ ಮಲ್ಪೆಯಲ್ಲಿ ತಗಡು ತುಕ್ಕು ಹಿಡಿಯಲು ಹೆಚ್ಚು ದಿನ ಬೇಡ, ಇದನ್ನು ಮಳೆಗೆ ಮೊದಲೇ ಮುಚ್ಚಿ. ಬಾಗಿಲ ಕಂಬದ ಮೇಲೋ ಬಾನೆಟ್ ಒಳಗೋ ಇರುವ ಪಟ್ಟಿಯಲ್ಲಿ ಬಣ್ಣದ ಕೋಡ್ ಇರುತ್ತದೆ. ಆ ಕೋಡಿನ ಟಚ್-ಅಪ್ ಪೆನ್ ತನ್ನಿ. ಗೀರನ್ನು ತೊಳೆದು ಒಣಗಿಸಿ, ಸ್ಪಿರಿಟ್ ಅದ್ದಿದ ಬಟ್ಟೆಯಿಂದ ಜಿಡ್ಡು ತೆಗೆದು, ಬೆಂಕಿಕಡ್ಡಿಯ ತುದಿಯಲ್ಲಿ ಬಣ್ಣವನ್ನು ಗೀರಿನೊಳಗೆ ಮಾತ್ರ ತುಂಬಿ. ಒಂದೇ ಸಲ ದಪ್ಪಗೆ ಹಾಕಿದರೆ ಗುಳ್ಳೆ ಬರುತ್ತದೆ. ಅರ್ಧ ಗಂಟೆ ಬಿಟ್ಟು ಬಿಟ್ಟು ಎರಡು ಮೂರು ತೆಳು ಪದರ, ಮರುದಿನ ಮೇಲೆ ಕ್ಲಿಯರ್ ಕೋಟ್, ಅಂದರೆ ಬಣ್ಣದ ಮೇಲಿನ ಪಾರದರ್ಶಕ ಪದರ. ಗಾಳಿಯಲ್ಲಿ ತೇವ ತುಂಬಿದ ದಿನ ಈ ಕೆಲಸಕ್ಕೆ ಕೈಹಾಕಬೇಡಿ, ಬಣ್ಣ ಮಂಕಾಗುತ್ತದೆ.

ಉಳಿದ ಗೀರುಗಳ ಮೇಲೆ ನಿಮ್ಮ ಕೈಯುಗುರು ಅಡ್ಡ ಎಳೆದು ನೋಡಿ. ಉಗುರು ಸಿಕ್ಕಿಕೊಳ್ಳದಿದ್ದರೆ ಕ್ಲಿಯರ್ ಕೋಟ್ ಮೇಲೆಯೇ ನಿಂತಿದೆ, ಪಾಲಿಶಿಂಗ್ ಕಾಂಪೌಂಡ್‌ನಿಂದ ಹೋಗುತ್ತದೆ. ಆದರೆ ಆ ಪದರದ ದಪ್ಪವೇ ಸುಮಾರು 40–50 ಮೈಕ್ರಾನ್, ಒಂದು ತಲೆಕೂದಲಿಗಿಂತ ಕಡಿಮೆ. ಪ್ರತಿ ಪಾಲಿಶ್ ಅದನ್ನು ಇನ್ನಷ್ಟು ಸವೆಸುತ್ತದೆ. ಪ್ರತಿ ಸರ್ವಿಸ್‌ನಲ್ಲಿ ರಬ್ಬಿಂಗ್ ಮಾಡಿಸುವ ಚಟ ಇದ್ದರೆ ಬಿಡಿ.

ಸೆರಾಮಿಕ್ ಪದರದ ದಪ್ಪ ಹೆಚ್ಚೆಂದರೆ ಕೆಲವೇ ಮೈಕ್ರಾನ್. ನೀರು, ಹಿಕ್ಕೆ ಜಾರಿ ಹೋಗಲು ಒಳ್ಳೆಯದು, ಬೆಕ್ಕಿನ ಉಗುರನ್ನು ತಡೆಯದು. ಕೋಟಿಂಗ್ ಮಾಡುವವರು ಗಡಸುತನಕ್ಕೆ 9ಎಚ್ ಎಂದು ತೋರಿಸುವುದು ಪೆನ್ಸಿಲ್ ಗೀಚುವ ಪರೀಕ್ಷೆಯ ಅಳತೆ, ಉಗುರಿನದ್ದಲ್ಲ. ಮೇಲ್ಮೈ ಇನ್ನೂ ನುಣುಪಾಗಿ ಬೆಕ್ಕು ಹೆಚ್ಚು ಜಾರುತ್ತದೆ ಎಂಬುದು ಬೇರೆ. ಉಗುರನ್ನು ನಿಜವಾಗಿ ತಡೆಯುವುದು 150–200 ಮೈಕ್ರಾನ್ ದಪ್ಪದ ಪಿಪಿಎಫ್, ಅಂದರೆ ಬಣ್ಣದ ಮೇಲೆ ಅಂಟಿಸುವ ಪಾರದರ್ಶಕ ರಕ್ಷಣಾ ಹಾಳೆ. ಇಡೀ ಕಾರಿಗೆ ಬೇಡ, ಬಾನೆಟ್ ಮತ್ತು ಕಾರಿನ ಚಾವಣಿಯ ಮುಂದಿನ ಅಂಚಿಗೆ ಸಾಕು.

ವಿಮೆ ಕೇಳಿದರೆ ಸಿಗಬಹುದು, ಆದರೆ ನೋ ಕ್ಲೈಮ್ ಬೋನಸ್ ಹೋಗುತ್ತದೆ. ಪ್ರೀಮಿಯಂನಲ್ಲಿ ಸಿಗುವ ಆ ರಿಯಾಯಿತಿ ಮೊದಲ ವರ್ಷಕ್ಕೆ ಶೇ 20, ಐದು ವರ್ಷ ಕ್ಲೈಮ್ ಇಲ್ಲದಿದ್ದರೆ ಶೇ 50. ಒಂದು ಗೀರಿಗಾಗಿ ಅದನ್ನು ಕಳೆದುಕೊಳ್ಳುವುದು ನಷ್ಟದ ಬಾಬ್ತು.

ಪ್ರಶ್ನೆ: ಮಣಿಪಾಲದ ಅಪಾರ್ಟ್‌ಮೆಂಟ್ ಬೇಸ್‌ಮೆಂಟ್‌ನಲ್ಲಿ ನಿಲ್ಲಿಸುವ ಕಾರಿನ ಎಂಜಿನ್ ಒಳಗೆ ಮರಿಗಳ ಕೂಗು ಕೇಳುತ್ತಿದೆ. ಹೋದ ತಿಂಗಳು ವೈರೂ ಕಡಿದಿತ್ತು. ಬೆಕ್ಕೇ ಕಡಿಯುತ್ತದೆಯೇ?

ಉತ್ತರ: ವೈರ್ ಕಡಿಯುವುದು ಇಲಿ. ಬ್ಯಾಟರಿ ಸುತ್ತ ತೆಂಗಿನಕಾಯಿ ಚೂರು, ಕಪ್ಪು ಹಿಕ್ಕೆ ಸಿಕ್ಕಿದರೆ ಅನುಮಾನವೇ ಬೇಡ. ಆ ಇಲಿಯ ಜಾಡು ಹಿಡಿದೂ ಬೆಕ್ಕು ಬಂದಿರಬಹುದು. ಇಲಿಪಾಷಾಣ ಮಾತ್ರ ಇಡಬೇಡಿ, ವಿಷ ತಿಂದ ಇಲಿಯನ್ನು ತಿಂದ ಬೆಕ್ಕೂ ಸಾಯಬಹುದು.

ಕಾರು ಸ್ಟಾರ್ಟ್ ಮಾಡಬೇಡಿ. ಇಗ್ನಿಷನ್ ಆನ್ ಕೂಡ ಬೇಡ, ರೇಡಿಯೇಟರ್ ಫ್ಯಾನ್ ತಾನಾಗಿ ತಿರುಗಬಹುದು. ಬಾನೆಟ್ ಎತ್ತಿ ಬ್ಯಾಟರಿ ಟ್ರೇ ಬದಿ, ಎಂಜಿನ್ ಕೆಳಗಿನ ಪ್ಲಾಸ್ಟಿಕ್ ತಟ್ಟೆ, ಚಕ್ರದ ಮೇಲಿನ ಗೂಡು ಈ ಮೂರು ಕಡೆ ಟಾರ್ಚ್ ಬಿಡಿ. ಒಂದೆರಡು ದಿನ ಕಾರು ಬೇಡವಾದರೆ ಹಾಗೇ ಬಿಡಿ, ಜನರ ಓಡಾಟ ಕಂಡ ತಾಯಿ ತಾನೇ ಮರಿಗಳನ್ನು ಸಾಗಿಸುತ್ತದೆ. ಅವಸರವಿದ್ದರೆ ಗ್ಲೌಸ್ ಹಾಕಿ ಮರಿಗಳನ್ನು ಬಟ್ಟೆ ಹಾಸಿದ ರಟ್ಟಿನ ಪೆಟ್ಟಿಗೆಗೆ ಇಳಿಸಿ, ಕಾರಿನ ಪಕ್ಕದಲ್ಲೇ, ನಾಲ್ಕೈದು ಅಡಿಯೊಳಗೇ ಇಟ್ಟು ದೂರ ಸರಿಯಿರಿ. ತಾಯಿ ಬರಲು ಕೆಲವು ಗಂಟೆ ಹಿಡಿದೀತು. ಪಾಪ ಎಂದು ಮನೆಗೆ ಒಯ್ದು ಹಸುವಿನ ಹಾಲು ಕುಡಿಸಿದರೆ ಮರಿಗೆ ಭೇದಿ ಹಿಡಿದು ಸಾಯಲೂಬಹುದು.

ಆಮೇಲೆ ಕೆಳತಟ್ಟೆಯ ಕ್ಲಿಪ್‌ಗಳನ್ನು ಎಣಿಸಿ. ಸರ್ವಿಸ್ ಮಾಡುವಾಗ ಎರಡು ಕ್ಲಿಪ್ ಬಿಟ್ಟುಹೋಗಿ ತಟ್ಟೆ ಜೋತುಬಿದ್ದಿದ್ದರೆ ಅದೇ ಬಾಗಿಲು. ದಿನಾ ಹೊರಡುವ ಮುನ್ನ ಬಾನೆಟ್‌ಗೆ ಮೂರು ಸಲ ಅಂಗೈ ಬಡಿದು ಹತ್ತು ಸೆಕೆಂಡ್ ಕಾಯಿರಿ. ನೆಲದಲ್ಲಿ ಹಸಿರು ಅಥವಾ ಗುಲಾಬಿ ಬಣ್ಣದ ಕೂಲಂಟ್ ತೊಟ್ಟಿಕ್ಕಿದ್ದರೆ ಆಗಲೇ ತೊಳೆಯಿರಿ. ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ಒಂದೆರಡು ಚಮಚ ಹೊಟ್ಟೆಗೆ ಹೋದರೂ ಬೆಕ್ಕಿನ ಮೂತ್ರಪಿಂಡ ಕೆಡುತ್ತದೆ.

ಪ್ರಶ್ನೆ: ಸುರತ್ಕಲ್‌ನಲ್ಲಿ ಒಂದು ಗಂಡು ಬೆಕ್ಕು ದಿನಾ ನಮ್ಮ ಕಾರಿನ ಟೈರ್, ಬಾಗಿಲಿಗೆ ಉಚ್ಚೆ ಹಾರಿಸುತ್ತದೆ. ಫಿನೈಲ್ ಹೊಯ್ದರೂ ನಾತ ಹೋಗುವುದಿಲ್ಲ. ವಿಷ ಇಡಿ ಎಂದು ಒಬ್ಬರು ಹೇಳಿದರು.

ಉತ್ತರ: ವಿಷದ ಮಾತು ಬಿಡಿ. ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಂ ಪ್ರಕಾರ ಪ್ರಾಣಿಗೆ ವಿಷವಿಕ್ಕಿದರೆ ಐದು ವರ್ಷದವರೆಗೆ ಜೈಲು. ಫಿನೈಲ್ ಕೂಡ ಬೇಡ. ಅದನ್ನು ಒಡೆದು ಹೊರಹಾಕುವ ಶಕ್ತಿ ಬೆಕ್ಕಿನ ಲಿವರಿಗೆ ಇಲ್ಲ, ಪಾದ ನೆಕ್ಕಿದರೆ ವಿಷವಾಗುತ್ತದೆ. ಗಾಟು ವಾಸನೆಯ ಮೇಲೆ ಬೆಕ್ಕು ತನ್ನ ಗುರುತನ್ನು ಮತ್ತೆ ಹಾಕಿ ಹೋಗುವುದೂ ಉಂಟು. ನಾತ ಹೋಗದಿರಲು ಕಾರಣ ಯೂರಿಕ್ ಆಮ್ಲದ ಲವಣ. ಅದು ನೀರಿನಲ್ಲಿ ಸುಲಭವಾಗಿ ಕರಗುವುದಿಲ್ಲ, ಒಣಗಿದಾಗ ಸುಮ್ಮನಿದ್ದು ತೇವ ತಗುಲಿದ ಕೂಡಲೇ ಮತ್ತೆ ನಾರುತ್ತದೆ. ಮೊದಲ ಮಳೆಗೆ ಗೇಟಿನ ಬಳಿ ಆ ವಾಸನೆ ಎದ್ದು ಬರುವುದು ಇದಕ್ಕೇ. ಸಾಕುಪ್ರಾಣಿ ಅಂಗಡಿಯ ಎನ್‌ಝೈಮ್ ಕ್ಲೀನರ್ ತಂದು ಟೈರ್ ಮತ್ತು ಇಂಟರ್‌ಲಾಕ್ ಸಂದಿಗಳನ್ನು ತೋಯಿಸಿ, ಹತ್ತು ಹದಿನೈದು ನಿಮಿಷ ಒಣಗಲು ಬಿಡದೆ ಇಟ್ಟು ತೊಳೆಯಿರಿ. ಬಾಗಿಲ ಬಣ್ಣದ ಮೇಲೆ ಬಿದ್ದದ್ದನ್ನು ಅಂದೇ ನೀರು ಮತ್ತು ಶಾಂಪೂವಿನಿಂದ ತೆಗೆಯಿರಿ.

ಮೂಲ ಪರಿಹಾರ ಸಂತಾನಹರಣ ಶಸ್ತ್ರಚಿಕಿತ್ಸೆ. ಬಹುಪಾಲು ಗಂಡು ಬೆಕ್ಕುಗಳು ಆಮೇಲೆ ಸಿಂಪಡಿಸುವುದನ್ನು ನಿಲ್ಲಿಸುತ್ತವೆ, ಆದರೆ ಮರುದಿನವೇ ಅಲ್ಲ, ಕೆಲವು ವಾರ ಬೇಕು. ಗೋಣಿಯಲ್ಲಿ ಕಟ್ಟಿ ಫಲ್ಗುಣಿ ಹೊಳೆಯ ಆಚೆ ಬಿಟ್ಟು ಬಂದರೆ ಖಾಲಿಯಾದ ಜಾಗಕ್ಕೆ ಇನ್ನೊಂದು ಗಂಡು ಬರುತ್ತದೆ, ಮತ್ತೆ ಅದೇ ಟೈರು. ಬೇಲಿ ಬದಿಗೆ ಬಂಗುಡೆ ತಲೆ, ಬೂತಾಯಿ ಕರುಳು ಎಸೆಯುವ ಅಭ್ಯಾಸ ಮನೆಯಲ್ಲಿದ್ದರೆ ಅದನ್ನೂ ಒಂದು ಗುಂಡಿ ತೋಡಿ ಮಣ್ಣು ಮುಚ್ಚಿ.

ಪ್ರಶ್ನೆ: ಉಡುಪಿಯಲ್ಲಿ ಸ್ಕೂಟರ್ ಸೀಟನ್ನು ಬೆಕ್ಕು ಪರಚಿ ಹರಿದಿದೆ. ಹೊಸ ರೆಕ್ಸಿನ್ ಹಾಕಿಸಿದರೆ ಅದೂ ಹೋದೀತೇ?

ಉತ್ತರ: ಹೋಗುತ್ತದೆ. ಇಲ್ಲಿ ಗೀರು ಆಕಸ್ಮಿಕವಲ್ಲ, ಬೆಕ್ಕು ಬೇಕೆಂದೇ ಉಗುರು ಮಸೆಯುತ್ತಿದೆ. ಒಳಗೆ ಸ್ಪಂಜ್ ಇರುವ ರೆಕ್ಸಿನ್‌ಗೆ ಉಗುರು ಚೆನ್ನಾಗಿ ನಾಟುತ್ತದೆ. ಸ್ಕೂಟರ್ ನಿಲ್ಲಿಸುವ ಜಾಗದ ಪಕ್ಕದಲ್ಲೇ ಎರಡೂವರೆ ಅಡಿಯ ತೆಂಗಿನ ಕೊರಡೊಂದಕ್ಕೆ ತೆಂಗಿನ ನಾರಿನ ಹಗ್ಗವನ್ನು ಬಿಗಿಯಾಗಿ ಸುತ್ತಿ, ಅಲುಗದ ಹಾಗೆ ನೆಲಕ್ಕೆ ಹೂಳಿ. ಅಲುಗಿದರೆ ಬೆಕ್ಕು ಮತ್ತೆ ಮುಟ್ಟುವುದಿಲ್ಲ. ಅದು ಕೊರಡಿಗೆ ಒಗ್ಗುವ ತನಕ ಸೀಟಿಗೆ ಪ್ಲಾಸ್ಟಿಕ್ ಬಕೆಟ್ ಕವುಚಿ ಹಾಕಿದರೂ ಸಾಕು. ಹೊಸ ರೆಕ್ಸಿನ್ ಹಾಕಿಸುವುದು ಆಮೇಲೆ.