ಹಳೆಯ ಸಿಕ್ಲಿಡ್ ಗುಂಪಿಗೆ ಹೊಸ ಮೀನು ಸೇರಿಸುವಾಗ ದೀಪ ಆರಿಸಿದರೆ ಸಾಕೇ?

ನಾಲ್ಕಡಿ ಉದ್ದದ ತೊಟ್ಟಿಯಲ್ಲಿ ಎರಡು ವರ್ಷದಿಂದ ಬೇರೂರಿರುವ ಎಂಬೂನಾ (ಆಫ್ರಿಕಾದ ಮಲಾವಿ ಸರೋವರದ ಸಿಕ್ಲಿಡ್ ಮೀನುಗಳು) ಗುಂಪಿಗೆ ಹೊಸದೊಂದು ಗಂಡು ಮೀನನ್ನು ರಾತ್ರಿ ದೀಪ ಆರಿಸಿ ಬಿಟ್ಟರೆ ಸಾಕೇ ಎಂದು ಕೇಳಿದ್ದೀರಿ. ಸಾಲದು. ಬೆಳಗ್ಗೆ ದೀಪ ಹಾಕಲೇಬೇಕಲ್ಲ! ಕತ್ತಲೆಯಿಂದ ಹೊಸಬನಿಗೆ ಒಂದು ರಾತ್ರಿ ಸುಧಾರಿಸಿಕೊಳ್ಳಲು ಸಿಗುತ್ತದೆ, ಅಷ್ಟೇ.

ಜಗಳ ಜಾಗದ್ದು. ಮಲಾವಿ ಸರೋವರದ ಬಂಡೆಗಳ ನಡುವೆ ಬದುಕುವ ಈ ಮೀನುಗಳಲ್ಲಿ ಗಂಡು ಒಂದು ಸಂದನ್ನು ಹಿಡಿದು, ಅದರ ಸುತ್ತ ಸುಳಿದವರನ್ನೆಲ್ಲ ಅಟ್ಟುತ್ತದೆ. ಸರೋವರದಲ್ಲಿ ಸೋತ ಮೀನು ಕಣ್ಮರೆಯಾಗಿಬಿಡುತ್ತದೆ, ಜಗಳ ಅಲ್ಲಿಗೆ ಮುಗಿಯುತ್ತದೆ. ತೊಟ್ಟಿಯಲ್ಲಿ ಓಡಿದಷ್ಟೂ ಗಾಜು. ಸೋತವನು ಗೆದ್ದವನ ಕಣ್ಣೆದುರೇ ಇರುತ್ತಾನೆ, ಮತ್ತೆ ಮತ್ತೆ ಪೆಟ್ಟು ತಿನ್ನುತ್ತಾನೆ. ಇವುಗಳ ನೆನಪಿನ ಶಕ್ತಿಯನ್ನೂ ಕಡೆಗಣಿಸಬೇಡಿ. ಟಾಂಗನ್ಯಿಕಾ ಸರೋವರದ ನಿಯೋಲ್ಯಾಂಪ್ರೊಲೋಗಸ್ ಪಲ್ಚರ್ ಎಂಬ ಸಿಕ್ಲಿಡ್ ತನ್ನ ಪರಿಚಿತರನ್ನು ಮುಖದ ಬಣ್ಣದ ಗುರುತಿನಿಂದಲೇ ಪತ್ತೆಹಚ್ಚುತ್ತದೆ ಎಂದು 2015ರಲ್ಲಿ ಪ್ರಕಟವಾದ ಪ್ರಯೋಗವೊಂದು ತೋರಿಸಿದೆ. ಪಕ್ಕದ ಬಿಲದ ಹಳಬನನ್ನು ಸಹಿಸಿಕೊಳ್ಳುವ ಮೀನು ಅಪರಿಚಿತನನ್ನು ಸಹಿಸುವುದಿಲ್ಲ.

ಆದ್ದರಿಂದ ಮೊದಲು ಹಳಬರ ಹಕ್ಕುಗಳನ್ನು ಅಳಿಸಬೇಕು. ನಾನು ಕಲ್ಲುಗಳನ್ನೆಲ್ಲ ಹೊರಗೆ ತೆಗೆದು, ಅವು ಮರಳಿನಲ್ಲಿ ತೋಡಿಕೊಂಡ ಗುಂಡಿಗಳನ್ನು ಮುಚ್ಚಿ, ಇಡೀ ರಾಶಿಯನ್ನು ಬೇರೆಯೇ ರೀತಿ ಕಟ್ಟುತ್ತೇನೆ. ಎರಡು ಕಲ್ಲು ಅತ್ತಿತ್ತ ಸರಿಸಿ ಕೈತೊಳೆದುಕೊಂಡರೆ ಏನೂ ಆಗದು. ಕಲ್ಲು ಮರಳಿನ ಮೇಲಲ್ಲ, ತಳದ ಮೇಲೆಯೇ ಕೂರಬೇಕು. ಇಲ್ಲದಿದ್ದರೆ ಇವು ಬುಡ ಅಗೆದು ಉರುಳಿಸುತ್ತವೆ. ಒಂದು ತುದಿಯಿಂದ ನೋಡಿದರೆ ಇನ್ನೊಂದು ತುದಿ ಕಾಣದಷ್ಟು ಎತ್ತರಕ್ಕೆ ಕಟ್ಟಿ, ಬಿಲಗಳ ಬಾಯಿ ಬೇರೆ ಬೇರೆ ದಿಕ್ಕಿಗಿರಲಿ. ಆಮೇಲೆ ನೋಡಬೇಕು ತೊಟ್ಟಿಯ ಪಾಳೇಗಾರನ ಅವಸ್ಥೆಯನ್ನು! ತನ್ನ ಬಿಲವಿದ್ದ ಮೂಲೆಗೆ ನೇರವಾಗಿ ಈಜಿ ಬರುತ್ತಾನೆ, ಬರೀ ಮರಳು ಕಂಡು ನಿಲ್ಲುತ್ತಾನೆ, ಸುತ್ತು ಹಾಕಿ ಮತ್ತೆ ಅಲ್ಲಿಗೇ ಬರುತ್ತಾನೆ. ಮೈಮೇಲಿನ ಗಾಢವಾದ ಪಟ್ಟೆಗಳು ಮಾಸುತ್ತವೆ. ಹೊಸ ಮೀನು ಬಿಡಲು ಅದೇ ಸರಿಯಾದ ಹೊತ್ತು. ಆ ಪಾಳೇಗಾರ ತೀರಾ ಉಗ್ರನಾಗಿದ್ದರೆ ಅವನನ್ನು ಕೆಲವು ದಿನ ಬೇರೆ ತೊಟ್ಟಿಯಲ್ಲಿಟ್ಟು, ಹೊಸಬರೆಲ್ಲ ನೆಲೆಯಾದ ಮೇಲೆ ಕೊನೆಗೆ ಬಿಡಿ. ಆಗ ಹೊಸಬ ಅವನೇ.

ಇನ್ನು ನಿಮ್ಮ ಒಂಟಿ ಗಂಡಿನ ವಿಚಾರ. ಬೇಡವೇ ಬೇಡ ಎನ್ನುತ್ತೇನೆ. ಒಂದೇ ಹೊಸ ಮೀನಿದ್ದರೆ ಎಲ್ಲರ ಸಿಟ್ಟಿಗೂ ಅದೊಂದೇ ಗುರಿ. ಐದಾರು ಮೀನುಗಳನ್ನು ಒಟ್ಟಿಗೆ ಬಿಟ್ಟರೆ ಪೆಟ್ಟು ಹಂಚಿಹೋಗುತ್ತದೆ. ಗಾತ್ರ ಹಳಬರಿಗೆ ಸರಿಸುಮಾರು ಸಮನಾಗಿರಲಿ. ಒಂದು ಗಂಡಿಗೆ ಮೂರು ಹೆಣ್ಣಾದರೂ ಇರಲಿ. ಈಗಿರುವ ಯಜಮಾನನ ಬಣ್ಣವನ್ನೇ ಹೋಲುವ ಗಂಡನ್ನು ತರಬೇಡಿ, ನೀಲಿ ಪಟ್ಟೆಯವನಿಗೆ ನೀಲಿ ಪಟ್ಟೆಯವನೇ ಪರಮ ವೈರಿ. ಹಳದಿ ಲ್ಯಾಬ್ ಎಂದು ಕರೆಯುವ ಲ್ಯಾಬಿಡೋಕ್ರೋಮಿಸ್ ಸೆರುಲಿಯಸ್ ಎಂಬೂನಾಗಳಲ್ಲೇ ಸಾಧು. ಜಗಳಗಂಟ ಮೆಲನೋಕ್ರೋಮಿಸ್ ಔರಾಟಸ್ ಅನ್ನು ಪುಕ್ಕಟೆ ಕೊಟ್ಟರೂ ನಾನು ತರುವುದಿಲ್ಲ.

ಈ ಉಪಾಯಗಳು ಎಲ್ಲ ಸಿಕ್ಲಿಡ್‌ಗಳಿಗೂ ನಡೆಯುವುದಿಲ್ಲ. ಟಾಂಗನ್ಯಿಕಾದ ನಿಯೋಲ್ಯಾಂಪ್ರೊಲೋಗಸ್ ಬ್ರಿಚಾರ್ಡಿಯದು ಒಟ್ಟುಕುಟುಂಬ. ದೊಡ್ಡ ಮರಿಗಳೇ ತಮ್ಮಂದಿರನ್ನು ಕಾಯುತ್ತವೆ. ಅಲ್ಲಿಗೆ ಹೊರಗಿನವರನ್ನು ಸೇರಿಸುವ ಆಸೆ ಬಿಡುವುದೇ ಒಳ್ಳೆಯದು. ಅದೇ ಸರೋವರದ ಟ್ರೋಫಿಯಸ್ ಕೂಡ ಹೆಚ್ಚುಕಡಿಮೆ ಅಷ್ಟೇ ಹಟಮಾರಿ, ಅವನ್ನು ಮರಿಗಳಾಗಿದ್ದಾಗಲೇ ಒಟ್ಟಿಗೆ ಬೆಳೆಸಬೇಕು.

ಎಲ್ಲಕ್ಕಿಂತ ಮೊದಲು ಮೂರು ನಾಲ್ಕು ವಾರ ಹೊಸ ಮೀನುಗಳು ಪ್ರತ್ಯೇಕ ತೊಟ್ಟಿಯಲ್ಲಿರಲಿ. ಬೇಸರದ ಕೆಲಸವೇ, ಆದರೆ ರೋಗ ತಂದಿದ್ದರೆ ಅಲ್ಲೇ ಹೊರಬೀಳುತ್ತದೆ; ತಿಂದು ಮೈಕೈ ತುಂಬಿಕೊಂಡ ಮೀನು ಜಗಳಕ್ಕೂ ಗಟ್ಟಿಯಾಗಿರುತ್ತದೆ. ಎರಡೂ ತೊಟ್ಟಿಗಳ ನೀರು ಒಂದೇ ಹದಕ್ಕೆ ಬರಲಿ: ಪಿಎಚ್ 7.8ರಿಂದ 8.6ರ ನಡುವೆ, ಉಷ್ಣತೆ 24ರಿಂದ 26 ಡಿಗ್ರಿ.

ಬಿಟ್ಟ ಮೇಲೆ ಅಟ್ಟಾಟ ಇದ್ದೇ ಇರುತ್ತದೆ, ಅದಕ್ಕೆ ಹೆದರಬೇಡಿ. ಬಾಲದ ಅಂಚು ಸ್ವಲ್ಪ ಹರಿದರೆ ಕೂಡಿಕೊಳ್ಳುತ್ತದೆ. ಆದರೆ ಮೀನು ನೀರಿನ ಮೇಲ್ಭಾಗದ ಮೂಲೆಯಲ್ಲೋ ಹೀಟರಿನ ಹಿಂದೆಯೋ ರೆಕ್ಕೆ ಮುದುಡಿಕೊಂಡು ನಿಂತು, ಆಹಾರ ಹಾಕಿದರೂ ಬಾರದಿದ್ದರೆ ಕಾಯಬೇಡಿ, ಆ ಕ್ಷಣವೇ ತೆಗೆಯಿರಿ. ಪಕ್ಕೆಯ ಹುರುಪೆ ಎದ್ದಿದ್ದರೂ ಹಾಗೆಯೇ. ಹೀಗೆ ಹೆದರಿಕೆಯಲ್ಲಿ ಬದುಕುವ ಮೀನಿಗೆ ಹೊಟ್ಟೆ ಉಬ್ಬರದ ಕಾಯಿಲೆ ಬೇಗ ಅಂಟುತ್ತದೆ. ಊಟ ಬಿಡುವುದು, ದಾರದಂಥ ಬಿಳಿ ಮಲ ಅದರ ಲಕ್ಷಣ. ಪಾಚಿ ಮೇಯುವ ಈ ಜಾತಿಗಳಿಗೆ ಸ್ಪಿರುಲಿನಾ ಎಂಬ ಪಾಚಿಯ ಆಹಾರವನ್ನೇ ಮಿತವಾಗಿ ಕೊಡಿ, ಮಾಂಸ ಬೇಡ. ಐದಾರು ಬಾಯಿ ಒಮ್ಮೆಲೇ ಹೆಚ್ಚಾದರೆ, ಮೀನಿನ ಕೊಳೆಯಿಂದ ಹುಟ್ಟುವ ವಿಷಕಾರಿ ಅಮೋನಿಯವನ್ನು ಕಳೆಯುವ ಫಿಲ್ಟರಿನ ಬ್ಯಾಕ್ಟೀರಿಯಾ ಹೊಂದಿಕೊಳ್ಳಲು ಸಮಯ ಬೇಕು. ಮೊದಲ ವಾರ ಅಮೋನಿಯ ಪರೀಕ್ಷೆ ಮಾಡುತ್ತಿರಿ. ಹೊಸಬರಿದ್ದ ಆ ಚಿಕ್ಕ ತೊಟ್ಟಿಯನ್ನು ಖಾಲಿ ಮಾಡಿ ಅಟ್ಟಕ್ಕೆ ಹಾಕಲು ಅವಸರಪಡಬೇಡಿ, ಫಿಲ್ಟರ್ ಓಡುತ್ತಲೇ ಇರಲಿ. ಯಾರನ್ನಾದರೂ ಹೊರಗೆ ತೆಗೆಯಬೇಕಾಗಿ ಬಂದರೆ ಬೇಕಾಗುವುದು ಅದೇ.